ಒಂದು ತುಣುಕು ರೊಟ್ಟಿಗೆ ಹಾಕಿದ ಆಣೆ

ಬೇಗಂಪೇಟೆಯವಳು ಇವತ್ತೂ ಫೋನ್ ಮಾಡಿದ್ದಳು. ಗಚ್ಚಿಬೌಲಿಯಲ್ಲಿ ಹೊಸದೊಂದು ಹೋಟೆಲ್ ಆಗಿದೆಯಂತೆ, ಒಳಗೇ ಮರ ಬೆಳೆಸಿದ್ದಾರಂತೆ, ಮರದ ಕೆಳಗೆ ಟೇಬಲ್ ಹಾಕಿದ್ದಾರಂತೆ. "ಎರಡನೇ ಶನಿವಾರ ಐತಿ, ಬಾರವಾ, ಇಬ್ಬರ ಹೋಗಿ ಬರೂಣು," ಎಂದಳು. ನನಗೆ ಮೈ ಉರಿಯಿತು. "ಗಿಡದ ಕೆಳಗ ಕುಂತು ಉಣ್ಣಾಕ ನಾವೇನು ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೊಂಟೀವೇನು?" ಎಂದು ಫೋನ್ ಇಟ್ಟುಬಿಟ್ಟೆ. ಪಾಪ, ಅವಳದೇನು ತಪ್ಪು? ಗೆಳತಿಯರು ಮೂವರಲ್ಲಿ ಒಬ್ಬಳು ತೀರಿಹೋದಳು, ಉಳಿದವಳಾದರೂ ಎದುರಿಗೆ ಕೂರಲಿ ಎಂದು ಅವಳ ಆಸೆ. ದಿಲ್‌ಸುಖ್‌ನಗರದವಳು ಹೋಗಿ ವರ್ಷವಾಗುತ್ತ ಬಂತು. ಅವಳು ಹೋದದ್ದರಲ್ಲಿ ನನ್ನ ಕೈಯೂ ಇದೆ. ಮಾತಿಗೆ ಹೇಳುತ್ತಿಲ್ಲ, ಈ ಬಲಗೈ ಇದೆ.

ನಾವು ಮೂವರೂ ಒಂದೇ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು. ಮೂವರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಇದ್ದದ್ದರಿಂದ ಯಾರನ್ನು ಕರೆದರೂ ಮೂವರೂ ತಿರುಗಿ ನೋಡುತ್ತಿದ್ದೆವು. ಕಡೆಗೆ ಮನೆಯಿರುವ ಜಾಗದಿಂದಲೇ ಕರೆಯುವುದು ರೂಢಿಯಾಯಿತು. ನಾನು ಪಟಾನ್‌ಚೆರುವಿನವಳು. ನನ್ನ ಗಂಡ ಅಲ್ಲಿ ಔಷಧದ ಕಾರ್ಖಾನೆಯಲ್ಲಿದ್ದರು. ಎರಡು ಬಸ್ಸು ಬದಲಿಸಿ ಕಚೇರಿಗೆ ಬರುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿರುತ್ತಿತ್ತು. ಅದನ್ನು ಇಳಿಸುವವಳು ದಿಲ್‌ಸುಖ್‌ನಗರದವಳು. "ಬಾರವಾ ಜಮದಗ್ನಿ, ಮೊದಲ ನೀರು ಕುಡಿ," ಎನ್ನುತ್ತಿದ್ದಳು. ದಿನವಿಡೀ ತೆಲುಗು, ಹಿಂದಿ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಬಿಚ್ಚಿದಾಗ ಮಾತ್ರ ಕನ್ನಡ. ಅವಳ ಡಬ್ಬಿಯ ಶೇಂಗಾ ಚಟ್ನಿಗೆ ನಾವಿಬ್ಬರೂ ಬೆರಳು ಹಾಕಿ ಹಾಕಿ ಅವಳಿಗೆ ಉಳಿಯುತ್ತಲೇ ಇರಲಿಲ್ಲ.

ಒಂದೆರಡು ವರ್ಷದ ಅಂತರದಲ್ಲಿ ಮೂವರೂ ನಿವೃತ್ತರಾದೆವು. ಬದುಕಿಡೀ ಎರಡನೇ ಶನಿವಾರವೆಂದರೆ ಬಟ್ಟೆ ಒಗೆಯುವುದು, ಹಿಟ್ಟು ಬೀಸಿಸುವುದು, ಹಾಸಿಗೆ ಬಿಸಿಲಿಗೆ ಹಾಕುವುದು. ಇನ್ನು ಮೇಲೆ ಅವತ್ತು ಒಲೆ ಹಚ್ಚುವುದಿಲ್ಲ, ಪ್ರತಿ ತಿಂಗಳು ಹೊಸ ಹೋಟೆಲ್, ಹೋದಲ್ಲಿಗೆ ಮತ್ತೆ ಹೋಗುವಂತಿಲ್ಲ ಎಂದು ನಿಯಮ ಮಾಡಿಕೊಂಡೆವು. ಹೋಟೆಲ್ ಆರಿಸುವುದು ಬೇಗಂಪೇಟೆಯವಳ ಸೊಸೆ. ಎಂಥೆಂಥ ಜಾಗಕ್ಕೆ ಕಳಿಸಿದಳು ನಮ್ಮನ್ನು! ಒಂದು ಕಡೆ ಕುರ್ಚಿ ಎಷ್ಟು ಎತ್ತರವೆಂದರೆ ಮೂವರ ಕಾಲೂ ನೆಲಕ್ಕೆ ತಾಗದೆ ನೇತಾಡುತ್ತಿದ್ದವು. ಇನ್ನೊಂದು ಕಡೆ ಬಟ್ಟೆ ಒಗೆಯುವ ಕಲ್ಲಿನಂಥ ತಟ್ಟೆಯ ಮೇಲೆ ನಾಲ್ಕು ಬೀನ್ಸು, ಮೇಲೊಂದು ಹೂವು. "ಇದನ್ನ ತಿನ್ನೂದೋ, ಮುಡಿಕೊಳ್ಳೂದೋ?" ಎಂದು ದಿಲ್‌ಸುಖ್‌ನಗರದವಳು ಕೇಳಿದ್ದಕ್ಕೆ ನಾನು ನಕ್ಕು ನಕ್ಕು ಕೆಮ್ಮಿದ್ದೆ. ಕನ್ನಡ ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಪಕ್ಕದ ಟೇಬಲಿನವರ ಉಡುಪು, ಕೂದಲು, ಗಂಡ, ಎಲ್ಲವನ್ನೂ ಆಡಿಕೊಳ್ಳುತ್ತಿದ್ದೆವು. ಒಮ್ಮೆ ಬಡಿಸುವವನು ಮುಗುಳ್ನಕ್ಕು, "ಇನ್ನಷ್ಟು ಚಟ್ನಿ ತರಲೇನ್ರಿ, ಅಕ್ಕಾರ?" ಎಂದ. ಆಳಂದದವನಂತೆ. ಆ ದಿನ ನಾವು ತಲೆ ತಗ್ಗಿಸಿಯೇ ಊಟ ಮುಗಿಸಿದೆವು.

ನನ್ನ ಚಟದ ಬಗ್ಗೆ ಹೇಳಬೇಕು. ಎದುರಿಗೆ ಕೂತವರು ಸರಿಯಾಗಿ ಉಣ್ಣದಿದ್ದರೆ ನನಗೆ ತಡೆಯುವುದಿಲ್ಲ. ನಮ್ಮ ಕಡೆ ಮೊದಲ ಸಲ ಬೇಡ ಅಂದರೆ ಸಂಕೋಚ, ಎರಡನೇ ಸಲ ಅಂದರೆ ಮರ್ಯಾದೆ, ಮೂರನೇ ಸಲ ಅಂದರೆ ಆಣೆ ಹಾಕುವುದು. "ನನ್ನ ಆಣಿ ಐತಿ, ಇದೊಂದು" ಎಂದ ಮೇಲೆ ತಿನ್ನದೆ ಎದ್ದರೆ ಆಣೆ ಹಾಕಿದವರಿಗೇ ಕೇಡು. ಯಾರೂ ಪೂರ್ತಿ ನಂಬುವುದಿಲ್ಲ, ಮೀರುವ ಧೈರ್ಯವೂ ಯಾರಿಗೂ ಇಲ್ಲ. ನಮ್ಮತ್ತೆ ಹೀಗೆ ಆಣೆ ಹಾಕಿ ಹಾಕಿ ಬೀಗರಿಗೆ ಹನ್ನೊಂದು ಹೋಳಿಗೆ ತಿನ್ನಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರ ವಿದ್ಯೆ ನನಗೆ ಬಂದಿದೆ. ಅದರ ಮೇಲೆ "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ಬೇರೆ. ಅದನ್ನು ಆ ಟೇಬಲುಗಳಲ್ಲಿ ಎಷ್ಟು ಸಲ ಹೇಳಿದ್ದೇನೋ, ನೆನೆಸಿಕೊಂಡರೆ ನಾಲಿಗೆ ಕಿತ್ತುಹಾಕಬೇಕು ಅನಿಸುತ್ತದೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ದಿಲ್‌ಸುಖ್‌ನಗರದವಳು ಬರೀ ಸೂಪು ಕುಡಿಯತೊಡಗಿದಳು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ನಾವು ಬಿಡುತ್ತೇವೆಯೇ? "ಡಯಟ್ ಮಾಡಾಕತ್ತಿ ಏನವಾ? ಈ ವಯಸ್ಸಿನಾಗ ಯಾರಿಗೆ ತೋರಿಸಾಕ?" ಎಂದು ನಾನು. "ಹೊಸಾ ಬೀಗರು ಬರತಾರೇನೋ," ಎಂದು ಬೇಗಂಪೇಟೆಯವಳು. ಅವಳೂ ನಗುತ್ತಿದ್ದಳು. ಕುಪ್ಪಸದ ತೋಳು ಸಡಿಲವಾಗಿತ್ತು. ನೋಡಿದೆ, ನೋಡಿ ಹೊಟ್ಟೆಕಿಚ್ಚುಪಟ್ಟೆ. ಡಯಟ್ ಫಲ ಕೊಟ್ಟಿದೆ ಅಂದುಕೊಂಡೆ.

ನಾಲ್ಕನೇ ತಿಂಗಳು ಜುಬಿಲಿ ಹಿಲ್ಸಿನ ಒಂದು ಹೋಟೆಲಿಗೆ ಹೋಗಿದ್ದೆವು. ಅವಳು ಅವತ್ತು ನಮಗಿಂತ ಮೊದಲೇ ಬಂದು, ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹಿಡಿಕೆಯನ್ನು ತಿರುಚುತ್ತ ಕೂತಿದ್ದಳು. ನಾನು ಕೂತದ್ದೇ ತಡ, "ಏ, ನಿನಗೊಂದು ಮಾತು ಹೇಳೂದೈತಿ," ಎಂದಳು. "ಮೊದಲ ಉಣ್ಣು, ಮಾತೆಲ್ಲಿ ಓಡಿ ಹೋಗತಾವು?" ಎಂದು ನಾನು ಮೆನು ಕಾರ್ಡು ಬಿಚ್ಚಿದೆ. ಅದರಲ್ಲಿ ಏನು ಕಂಡಿತು ಗೊತ್ತೇ? ನಮ್ಮ ಕಡಕ್ ರೊಟ್ಟಿ! ಅದಕ್ಕೊಂದು ಇಂಗ್ಲಿಷ್ ಹೆಸರು, ಅದೆಂಥದೋ ಬಣ್ಣನೆ. ಆದರೆ ಬಂದದ್ದು ಸಾಕ್ಷಾತ್ ಜೋಳದ ಕಡಕ್ ರೊಟ್ಟಿ. ಮುರಿದ ತುಣುಕುಗಳನ್ನು ಗಾಜಿನ ಲೋಟದಲ್ಲಿ ನಿಲ್ಲಿಸಿದ್ದರು, ಪಕ್ಕದಲ್ಲಿ ಬಟ್ಟಲು ತುಂಬ ಗಟ್ಟಿ ಮೊಸರಿನಂಥ ಬಿಳೀ ಚಟ್ನಿ. ನನಗೆ ತವರಿನವರೇ ಎದುರಾದಷ್ಟು ಸಂಭ್ರಮವಾಯಿತು.

"ನೋಡವಾ, ಇದನ್ನರ ತಿನ್ನು," ಎಂದು ಅವಳ ಮುಂದೆ ಲೋಟ ಸರಿಸಿದೆ. ಬೇಡ ಎಂದು ಕೈ ಆಡಿಸಿದಳು. ಮತ್ತೆ ಹೇಳಿದೆ. "ಒಲ್ಲೆವಾ, ಖರೇನ ಒಲ್ಲೆ," ಎಂದಳು. ನನಗೆ ಸಿಟ್ಟು ಬಂತು. ಹೂವಿಟ್ಟ ಬೀನ್ಸು ಬೇಡವೆಂದರೆ ಸರಿ, ನಮ್ಮ ರೊಟ್ಟಿಯೂ ಬೇಡವೇ? ಒಂದು ತುಣುಕನ್ನು ಬಿಳೀ ಚಟ್ನಿಗೆ ಅದ್ದಿ, ಟೇಬಲ್ ದಾಟಿ ಕೈ ಚಾಚಿ, "ನನ್ನ ಆಣಿ ಐತಿ ನಿನಗ," ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ರೊಟ್ಟಿ ಇಟ್ಟುಬಿಟ್ಟೆ.

ಬೇಗಂಪೇಟೆಯವಳು ಚಪ್ಪಾಳೆ ತಟ್ಟಿ ಫೋಟೋ ಹೊಡೆದಳು. ದಿಲ್‌ಸುಖ್‌ನಗರದವಳು ಬಹಳ ಹೊತ್ತು ಅಗಿದಳು. ನೀರು ಕುಡಿದಳು, ಮತ್ತೆ ಅಗಿದಳು, ಕಣ್ಣಲ್ಲಿ ನೀರು ಬಂತು. ಎದ್ದು ಬಾತ್‌ರೂಮಿಗೆ ಹೋದವಳು ಕಾಲು ಗಂಟೆಯಾದರೂ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು. "ಖಾರ ಹತ್ತಿತು," ಎಂದಳು. ಆ ಬಿಳೀ ಚಟ್ನಿಯಲ್ಲಿ ಖಾರವೇ ಇರಲಿಲ್ಲ. ನಾನೇ ತಿಂದಿದ್ದೆ, ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಏನೋ ಹೇಳುವುದಿದೆ ಅಂದಿದ್ದಳಲ್ಲ, ಅದನ್ನೂ ಕೇಳಲಿಲ್ಲ. ಹೋಗುವಾಗ ಅವಳು ಎಂದಿಗಿಂತ ಗೆಲುವಾಗಿದ್ದಳು, ಮೆಟ್ರೋ ಹತ್ತುವಾಗ ತಿರುಗಿ ಕೈ ಬೀಸಿದಳು.

ಮುಂದಿನ ತಿಂಗಳು ಅವಳು ಬರಲಿಲ್ಲ. ಮಂಡಿ ನೋವಂತೆ. ಅದರ ಮುಂದಿನ ತಿಂಗಳು ಮನೆಗೆ ನೆಂಟರಂತೆ. ನನಗೆ ರೇಗಿತು. ಮೂವತ್ತು ವರ್ಷದ ಗೆಳೆತನಕ್ಕೆ ತಿಂಗಳಿಗೊಂದು ಮಧ್ಯಾಹ್ನ ಇಲ್ಲವೇ ಇವಳಿಗೆ? ಬರದಿದ್ದರೆ ಬಿಡಲಿ, ಬೇಕಾದರೆ ಅವಳೇ ಫೋನ್ ಮಾಡಲಿ ಎಂದು ಬಿಗಿದುಕೊಂಡು ಕೂತೆ. ಅದಾದ ಮೇಲೆ ಮತ್ತೆರಡು ತಿಂಗಳು ನಾನಾಗಿ ಒಂದು ಫೋನೂ ಮಾಡಲಿಲ್ಲ. ಆ ಕಡೆಯಿಂದ ಬರಲೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಬೇಗಂಪೇಟೆಯವಳು ಫೋನಿನಲ್ಲಿ ಅಳುತ್ತಿದ್ದಳು. ಅನ್ನನಾಳದಲ್ಲಿ ಗಡ್ಡೆ, ನೀರೂ ಇಳಿಯುತ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ, ಪುಣೆಯಿಂದ ಮಗಳು ಬಂದಿದ್ದಾಳೆ. ಆಪರೇಷನ್ ಮಾಡುವ ಹಂತ ದಾಟಿದೆ, ನಾಲ್ಕೈದು ತಿಂಗಳು ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಮಗಳಿಗೆ ಹೇಳಿದರಂತೆ. ಹೊಟ್ಟೆಗೆ ನಳಿಗೆ ಇಟ್ಟು ಮನೆಗೆ ಕಳಿಸಿದರು.

ಬರುತ್ತೇನೆಂದು ಮಗಳಿಗೆ ಮೊದಲೇ ತಿಳಿಸಿ ನಾನು ಅವಳ ಮನೆಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಮಗಳು ರಾಗಿ ಗಂಜಿಯನ್ನು ಸೋಸಿ, ದೊಡ್ಡ ಸಿರಿಂಜಿನಿಂದ ನಳಿಗೆಯೊಳಗೆ ಬಿಡುತ್ತಿದ್ದಳು. ಹಾಸಿಗೆಯಲ್ಲಿ ಮಲಗಿದ್ದವಳು ಅವಳೇ ಎಂದು ಗುರುತು ಹಿಡಿಯಲು ನನಗೆ ಅರೆಗಳಿಗೆ ಬೇಕಾಯಿತು. ಅವಳಿಗೆ ಬೇಕಾಗಲಿಲ್ಲ. "ಬಂದಳು ನೋಡು ಜಮದಗ್ನಿ," ಎಂದು ಪಿಸುದನಿಯಲ್ಲಿ ಅಂದಳು. ನಾನು ಅವಳ ಕೈ ಹಿಡಿದು ಕೂತು ಬೈದೆ. ಹೌದು, ಆ ಸ್ಥಿತಿಯಲ್ಲೂ ಬೈದೆ. "ನನಗ ಯಾಕ ಹೇಳಲಿಲ್ಲ? ನಾ ಏನು ಸತ್ತಿದ್ನೇನು?"

"ಹೇಳಾಕ ಬಂದಿದ್ನೆಲ್ಲ," ಎಂದಳು. "ಅವತ್ತು ರೊಟ್ಟಿ ತಿನ್ನಿಸಿದಿ ನೋಡು, ಅವತ್ತ. ಪರ್ಸಿನಾಗ ಡಾಕ್ಟರ್ ಚೀಟಿ ಇತ್ತು. ಗಂಟಲದಾಗ ಕ್ಯಾಮೆರಾ ಬಿಟ್ಟು ನೋಡಸ್ರಿ, ದೊಡ್ಡ ದವಾಖಾನಿಗೆ ಹೋಗ್ರಿ ಅಂತ ಬರದು ಕೊಟ್ಟಿದ್ದ. ಒಬ್ಬಾಕಿಗೇ ಅಂಜಿಕಿ ಬಂತು. ನಿನಗ ಧೈರ್ಯ ಭಾಳ, ನಿನ್ನ ಕರಕೊಂಡು ಹೋಗಬೇಕಂತ ಮಾಡಿದ್ದೆ."

ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳಿಗೆ ಹೇಳಿದರೆ ಹೆದರುತ್ತಾಳೆಂದು ಹೇಳಿರಲಿಲ್ಲ. ಇಡೀ ಹೈದರಾಬಾದಿನಲ್ಲಿ ಅವಳು ನಂಬಿಕೊಂಡು ಬಂದದ್ದು ನನ್ನನ್ನು.

"ಮತ್ತ ಆಮ್ಯಾಲರ ಹೇಳಬೇಕಿಲ್ಲೋ?" ಎಂದೆ.

ಅವಳು ನಕ್ಕಳು. "ನೀ ಆಣಿ ಹಾಕಿದೆಲ್ಲಾ. ಬಾತ್‌ರೂಮಿನಾಗ ನಿಂತು, ಎದಿ ಒತ್ತಿ ಒತ್ತಿ, ನೀರು ಕುಡದು ಕುಡದು, ಹೆಂಗೋ ಒಳಗ ಇಳಿಸಿದೆ. ಕಡಕ್ ರೊಟ್ಟಿ ಇಳೀತು ಅಂದ ಮ್ಯಾಲ ನನಗೇನೂ ಆಗಿಲ್ಲ ಅನಿಸ್ತು. ಎಷ್ಟು ಖುಷಿ ಆತು ಅಂತೀ! ಆ ಚೀಟಿ ಅಲ್ಲೇ ಹರದು ಬುಟ್ಟಿಗೆ ಒಗದು ಬಂದೆ."

ಅವಳು ನನ್ನನ್ನು ದೂರುತ್ತಿರಲಿಲ್ಲ. ದೂರಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ಆ ದಿನದ ಖುಷಿಯನ್ನು ನನಗೆ ಹೇಳುತ್ತಿದ್ದಳು, ಅಷ್ಟೆ. ಎಲ್ಲರೂ ನನಗೆ ಸಮಾಧಾನ ಹೇಳಿದ್ದಾರೆ. "ಆಕಿ ಹಣೆಬರಹ, ನೀ ಏನು ಮಾಡಾಕ ಬರತಿತ್ತು?" ಎಂದು ನನ್ನ ಗಂಡ ಹೇಳುತ್ತಾರೆ. ಹಣೆಬರಹವಂತೆ! ಹಣೆಬರಹಕ್ಕೆ ಟೇಬಲ್ ದಾಟಿ ಕೈ ಚಾಚಿ ಬಾಯಿಗೆ ರೊಟ್ಟಿ ಇಡಲು ಬರುತ್ತದೆಯೇ? ಬಾಯಿ ಮುಚ್ಚಿಕೊಂಡು ಒಂದೇ ಒಂದು ನಿಮಿಷ ಕೂತಿದ್ದರೆ ಅವಳು ಹೇಳುತ್ತಿದ್ದಳು. ಮರುದಿನವೇ ಅವಳನ್ನು ಎಳೆದುಕೊಂಡು ಹೋಗುತ್ತಿದ್ದೆ. ಅಂಥದರಲ್ಲಿ ನಾನು ಗಟ್ಟಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವತ್ತು ಹೊರಡಲು ಎದ್ದೆ. ಅವಳು ಮಗಳಿಗೆ ಕಣ್ಸನ್ನೆ ಮಾಡಿದಳು. "ಮೌಶೀ, ಹಂಗ ಹೋಗಬ್ಯಾಡ್ರಿ, ಅವ್ವ ನಿಮಗಂತ ಹೇಳಿ ಮಾಡಿಸ್ಯಾಳ," ಎನ್ನುತ್ತ ಮಗಳು ತಟ್ಟೆ ತಂದಿಟ್ಟಳು. ಝುಣಕ, ಮೊಸರು, ಶೇಂಗಾ ಚಟ್ನಿ, ಎರಡು ಕಡಕ್ ರೊಟ್ಟಿ. ನೀರೂ ಇಳಿಯದವಳ ಹಾಸಿಗೆಯ ಪಕ್ಕ ಕೂತು ನಾನು ಹೇಗೆ ಉಣ್ಣಲಿ? ಬೇಡ ಎಂದೆ. ಮಗಳು ಮತ್ತೆ ಹೇಳಿದಳು. ಮತ್ತೆ ಬೇಡ ಎಂದೆ. ಹಾಸಿಗೆಯಲ್ಲಿದ್ದವಳು ತನ್ನ ಎಲುಬಿನ ಕೈಯನ್ನು ನನ್ನ ಮಂಡಿಯ ಮೇಲಿಟ್ಟಳು.

"ನನ್ನ ಆಣಿ ಐತಿ ನಿನಗ."

ಉಂಡೆ. ರೊಟ್ಟಿ ಮುರಿದ ಸದ್ದು ಆ ಕೋಣೆಯಲ್ಲಿ ದೊಡ್ಡದಾಗಿ ಕೇಳಿತು. ಅವಳು ತಟ್ಟೆಯನ್ನಲ್ಲ, ನನ್ನ ಗಂಟಲನ್ನೇ ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. ಒಂದು ರೊಟ್ಟಿ ಮುಗಿಯಿತು. ಎರಡನೆಯದರ ಮೊದಲ ತುತ್ತು ನಡುವೆ ನಿಂತುಬಿಟ್ಟಿತು, ಮೇಲೂ ಬರದು, ಕೆಳಗೂ ಹೋಗದು. ನೀರಿನ ಲೋಟವನ್ನು ತೋರಿಸಿ ಅವಳು ಕೇಳಿದಳು:

"ಇಳೀತೇನವಾ?"

ಇಳೀತು ಎಂದು ತಲೆಯಾಡಿಸಿದೆ. ಅವಳಿಗೆ ಬಹಳ ಖುಷಿಯಾಯಿತು. ಆ ತುತ್ತು ಇವತ್ತಿಗೂ ಇಳಿದಿಲ್ಲ.