ಅತ್ತಿಗೆ ಕೆರೆದ ಕಬ್ಬಿಣ

ನನಗೆ ಸಂಬಳ ಬರುತ್ತಿದ್ದದ್ದು ಅಂಕಿ ಬರೆಯುವುದಕ್ಕೆ, ಸುಳ್ಳು ಹೇಳುವುದಕ್ಕಲ್ಲ. ಎರಡೂ ಒಂದೇ ಗೋಡೆಯ ಅಕ್ಕಪಕ್ಕದ ಮನೆಗಳು ಎಂದು ತಿಳಿಯಲು ನನಗೆ ನಲವತ್ತಾರು ವರ್ಷ ಬೇಕಾಯಿತು.

ನಮ್ಮದು ಮಹಾನಗರದ ಹೂಡಿಕೆ ಕಚೇರಿ. ಹೊರಗಿನ ಕಂಪನಿಗಳನ್ನು ಕರೆದು, ಇಲ್ಲಿ ಜಾಗವಿದೆ, ನೀರಿದೆ, ಕರೆಂಟಿದೆ, ಕೆಲಸ ಬಲ್ಲ ಕೈಗಳಿವೆ, ಬಂದು ಕಾರ್ಖಾನೆ ಹಾಕಿ ಎಂದು ಒಪ್ಪಿಸುವುದು ನಮ್ಮ ಕಸುಬು. ಅದಕ್ಕೊಂದು ಬಣ್ಣದ ಪುಸ್ತಿಕೆ ಅಚ್ಚಾಗುತ್ತದೆ. ಅದರಲ್ಲಿ ‘ನುರಿತ ಕೆಲಸಗಾರರು’ ಎಂಬ ಪಟ್ಟಿ ನನ್ನದು. ಕಾರ್ಖಾನೆಗಳಿಗೆಲ್ಲ ಫಾರಂ ಕಳಿಸಿ, ತರಬೇತಿ ಸಂಸ್ಥೆಗಳಿಂದ ಸರ್ಟಿಫಿಕೇಟುಗಳ ಲೆಕ್ಕ ತರಿಸಿ, ಎಂಟು ತಿಂಗಳು ಕೂತು ಮಾಡಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಕಬ್ಬಿಣವನ್ನು ಕೈಯಿಂದ ಕೆರೆದು ಸಮ ಮಾಡುವವರು, ನಾನೂರ ಹನ್ನೆರಡು.

ಆ ಸಾಲನ್ನು ಓದಿಕೊಂಡೇ ಪರದೇಶದ ಕಂಪನಿಯೊಂದರ ಹಿರಿಯ ಎಂಜಿನಿಯರ್ ನಮ್ಮಲ್ಲಿಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಆಡಿದ್ದನ್ನು ಒಬ್ಬ ದುಭಾಷಿ ಹುಡುಗಿ ನಮಗೆ ಹೇಳುತ್ತಿದ್ದಳು. ಅವರ ಕಂಪನಿ ಮಾಡುವುದು ಅಳತೆಯ ಯಂತ್ರಗಳನ್ನು, ಅಂದರೆ ಬೇರೆ ಯಂತ್ರಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಯಂತ್ರಗಳನ್ನು. ಅಂಥ ಯಂತ್ರ ಕೂರುವ ಕಬ್ಬಿಣದ ಹಾಸು ಎಷ್ಟು ಸಮವಾಗಿರಬೇಕೆಂದರೆ, ಇನ್ನೊಂದು ಯಂತ್ರದಲ್ಲಿ ಉಜ್ಜಿ ಸಾಲದು, ಕೊನೆಯ ಕೆಲಸ ಮನುಷ್ಯರ ಕೈಯಿಂದಲೇ ಆಗಬೇಕು. ಅದನ್ನು ಬಲ್ಲವರು ಐದು ಜನ ಸಿಕ್ಕಿದರೆ ಸಾಕು, ಅವರನ್ನು ನೆಚ್ಚಿ ಇನ್ನೂರು ಜನರ ಕಾರ್ಖಾನೆ ಕಟ್ಟುತ್ತೇವೆ ಎಂದರು. ನಾನೂರ ಹನ್ನೆರಡರಲ್ಲಿ ಐದು! ನಮ್ಮ ನಿರ್ದೇಶಕರು ಆಗಲೇ ಶಂಕುಸ್ಥಾಪನೆಯ ಭಾಷಣ ಬರೆಯಲು ಕೂತರು.

ಸೋಮವಾರ ನಾಲ್ಕು ಜನರನ್ನು ಕರೆಸಿದೆವು. ಅವರ ಮುಂದೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಬೀಡು ಕಬ್ಬಿಣದ ಹಾಸುಗಳನ್ನು ಇಡಲಾಯಿತು. ಅದರ ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಎರಡು ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತಲೆಗೂದಲೊಂದನ್ನು ಎಪ್ಪತ್ತು ಸೀಳು ಮಾಡಿ, ಅದರಲ್ಲಿ ಎರಡು ಸೀಳು ಇಟ್ಟುಕೊಂಡರೆ ಆಗುವಷ್ಟು. ಮೊದಲನೆಯವನು, “ಮಷಿನ್ ಎಲ್ಲಿದೆ ಸರ್?” ಎಂದು ಕೇಳಿದ. ಎರಡನೆಯವನು ಉಳಿಯನ್ನು ತಿರುಗುಮುರುಗಾಗಿ ಹಿಡಿದ. ಮೂರನೆಯವನು ಸತ್ಯವಂತ. “ಕೋರ್ಸಲ್ಲಿ ಇದು ಎರಡು ದಿನ ಇತ್ತು ಸರ್, ಅದ್ರಲ್ಲಿ ಒಂದಿನ ನಾನು ರಜೆ” ಎಂದ. ನಾಲ್ಕನೆಯವನು ಗಂಟೆಹೊತ್ತು ಕೆರೆದು ಹಾಸಿನಲ್ಲಿ ಕಣ್ಣಿಗೆ ಕಾಣುವ ಹಳ್ಳ ತೋಡಿದ. ಎಂಜಿನಿಯರ್ ನಾಲ್ವರ ಕೈಯನ್ನೂ ಕುಲುಕಿ ಧನ್ಯವಾದ ಹೇಳಿದರು. ಶುಕ್ರವಾರ ಸಂಜೆ ಅವರ ವಿಮಾನ. ಅವರ ಪಟ್ಟಿಯಲ್ಲಿ ಇನ್ನೊಂದು ನಗರದ ಹೆಸರೂ ಇತ್ತು.

“ನಾನೂರ ಹನ್ನೆರಡು ಅಂತ ಬರೆದೋರು ಯಾರ್ರೀ?” ಎಂದರು ನಿರ್ದೇಶಕರು.

“ಸರ್ಟಿಫಿಕೇಟ್ ಪ್ರಕಾರ ಸರ್.”

“ಸರ್ಟಿಫಿಕೇಟ್ ಬಂದು ಕೆರೆಯುತ್ತೇನ್ರೀ?”

ಆ ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅಣ್ಣ ಹೊಟ್ಟೆ ಹಿಡಿದು ನಕ್ಕ. ಬಡಿಸುತ್ತಿದ್ದ ಅತ್ತಿಗೆ ನಗಲಿಲ್ಲ.

“ಹಾಸು ಎಷ್ಟು ದಪ್ಪ ಇದೆ?” ಎಂದರು.

“ನಾಲ್ಕು ಬೆರಳು ಇರ್ಬೋದು.”

“ಎರಕ ಹೊಯ್ದು ಎಷ್ಟು ವರ್ಷ ಆಗಿದೆಯಂತೆ? ಹೊಸಾ ಬೀಡು ಆದ್ರೆ ಕೆರೆದ ಮೇಲೂ ಸೊಟ್ಟ ಆಗುತ್ತೆ. ಗುರುತಿಗೆ ಸವರೋ ನೀಲಿ ಗಟ್ಟಿ ಇತ್ತಾ, ತೆಳ್ಳಗಿತ್ತಾ?”

ತುತ್ತು ಬಾಯಲ್ಲೇ ಉಳಿಯಿತು. ನಾನು ಏಳನೇ ತರಗತಿಯಲ್ಲಿದ್ದಾಗ ಈ ಮನೆಗೆ ಬಂದ ಹೆಂಗಸು ಇವರು. ನನ್ನ ಜ್ವರಕ್ಕೆ ರಾತ್ರಿಯಿಡೀ ಕೂತವರು, ನನ್ನ ಮೊದಲ ಇಂಟರ್‌ವ್ಯೂಗೆ ಅಂಗಿ ಇಸ್ತ್ರಿ ಮಾಡಿಕೊಟ್ಟವರು. ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಎಂಬುದು ಗೊತ್ತಿತ್ತು. ಅಲ್ಲಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅಣ್ಣ, “ಕಬ್ಬಿಣ ಕೆರೀತಾಳೆ, ಸೀದ ಪಾತ್ರೆ ಕೆರೆದ ಹಾಗೆ” ಎನ್ನುತ್ತಿದ್ದ, ನಾವೆಲ್ಲ ನಗುತ್ತಿದ್ದೆವು.

ಅವತ್ತು ಕೇಳಿ ತಿಳಿದುಕೊಂಡೆ. ಇಪ್ಪತ್ಮೂರನೇ ವಯಸ್ಸಿನಲ್ಲಿ ಅಲ್ಲಿ ಕಬ್ಬಿಣದ ಪುಡಿ ಗುಡಿಸಲು ಸೇರಿದ್ದರಂತೆ. ಗುಡಿಸಿದ ಮೇಲೆ ಕೆರೆಯುವ ಬೆಂಚಿನ ಬಳಿ ನಿಂತು ನೋಡುತ್ತಿದ್ದರಂತೆ. ಅಲ್ಲಿದ್ದ ಮುದುಕ ಮೇಸ್ತ್ರಿ ಒಂದು ದಿನ ತಲೆಕೆಟ್ಟು, “ನೋಡಿದ್ದು ಸಾಕು, ಹಿಡಿ” ಎಂದು ಉಳಿ ಕೈಗೆ ಕೊಟ್ಟನಂತೆ. ಆಮೇಲೆ ಇಪ್ಪತ್ತಾರು ವರ್ಷ ಆ ಬೆಂಚು ಬಿಡಲಿಲ್ಲ. ಆರು ವರ್ಷದ ಹಿಂದೆ ಕಾರ್ಖಾನೆಯವರು ಉಜ್ಜುವ ದೊಡ್ಡ ಯಂತ್ರ ತಂದರು. ಅವರು ಮಾಡುವ ಸಾಮಾನಿಗೆ ಅಷ್ಟು ಸಾಕಿತ್ತು. ಬೆಂಚನ್ನು ಮುಚ್ಚಿ, ಇವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಂದಿನಿಂದ ಅತ್ತಿಗೆ ರಟ್ಟಿನ ಪೆಟ್ಟಿಗೆಗಳ ಮೇಲೆ ಲೇಬಲ್ ಅಂಟಿಸುತ್ತಿದ್ದಾರೆ.

ಆ ಕಾರ್ಖಾನೆಯ ಫಾರಂ ನನ್ನ ಮೇಜಿಗೂ ಬಂದಿತ್ತು. ‘ಪ್ಯಾಕಿಂಗ್, ಮಹಿಳೆಯರು, ಮೂವತ್ತೊಂದು’ ಎಂದಿತ್ತು. ಆ ಮೂವತ್ತೊಂದನ್ನೂ ‘ಅಕುಶಲ’ ಎಂಬ ಕಾಲಂಗೆ ಏರಿಸಿದವನು ನಾನೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಹಿತ್ತಲ ಗಿಡವನ್ನು ಗಿಡಗಳ ಲೆಕ್ಕಕ್ಕೂ ಸೇರಿಸಿರಲಿಲ್ಲ.

ಅಣ್ಣ ಕೈ ತೊಳೆದು ಎದ್ದುಹೋದ ಮೇಲೆ, “ಅತ್ತಿಗೆ, ನೀವು ಬರ್ತೀರಾ?” ಎಂದೆ.

ಅವರು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. “ಆರು ವರ್ಷ ಆಯ್ತಲ್ಲೋ. ಕೈ ಮರೆತಿದ್ರೆ?”

“ಮರೆತಿರಲ್ಲ.”

“ನಿನಗೇನು ಗೊತ್ತು? ಕೈಗೇ ಇನ್ನೂ ಗೊತ್ತಿಲ್ಲ.” ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. “ರಿಟೈರ್ ಆಗೋಕೆ ಹದಿನಾಲ್ಕು ತಿಂಗಳಿದೆ. ಲೇಬಲ್ ಅಂಟಿಸ್ತಾನೇ ಮನೆಗೆ ಬರ್ತೀನಿ ಅಂದ್ಕೊಂಡಿದ್ದೆ. ಕಾರ್ಖಾನೆ ಬಂದ್ರೆ ನಂಗೆ ಬೆಂಚು ಸಿಗುತ್ತಾ?”

“ಸಿಗುತ್ತೆ.”

“ಹಾಗಾದ್ರೆ ಬರ್ತೀನಿ. ಆಗದೇ ಹೋದ್ರೆ ನಿಮ್ಮಣ್ಣನಿಗೆ ಮಾತ್ರ ಹೇಳ್ಬೇಡ.”

ಮಂಗಳವಾರ ಬೆಳಿಗ್ಗೆ ಅತ್ತಿಗೆ ಕಾರ್ಖಾನೆಗೆ ರಜೆ ಹಾಕಿ, ಬೀರುವಿನಲ್ಲಿ ಬಟ್ಟೆಗಳ ಅಡಿಯಿಂದ ಒಂದು ಸುರುಳಿ ತೆಗೆದರು. ಎಣ್ಣೆಬಟ್ಟೆಯೊಳಗೆ ಮೂರು ಉದ್ದನೆಯ ಉಳಿಗಳಿದ್ದವು. ಆರು ವರ್ಷದಲ್ಲಿ ಒಂದು ಚುಕ್ಕೆ ತುಕ್ಕು ಹಿಡಿದಿರಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಮತ್ತೆ ಸುತ್ತಿಡುತ್ತಿದ್ದರಂತೆ. ಅದೇ ಬೀರುವಿನಲ್ಲಿ ನನ್ನ ಅಂಗಿಗಳೂ ಇರುತ್ತಿದ್ದವು, ನಾನು ಒಮ್ಮೆಯೂ ಕಂಡಿರಲಿಲ್ಲ.

ಆ ಮೂರು ದಿನ ನಾನು ಕಚೇರಿಯ ಕೆಲಸ ಬಿಟ್ಟು, ಹಾಸು ಇಟ್ಟಿದ್ದ ಕೋಣೆಯಲ್ಲೇ ಅತ್ತಿಗೆಯ ಜೊತೆ ಕೂತೆ. ಕೆಲಸ ನೋಡಲು ಸುಲಭ. ಸಮವಾದ ಒಂದು ಕಲ್ಲಿನ ಮೇಲೆ ನೀಲಿ ಬಣ್ಣವನ್ನು ಉಸಿರಿನಷ್ಟು ತೆಳ್ಳಗೆ ಸವರುತ್ತಾರೆ. ಕಬ್ಬಿಣದ ಹಾಸನ್ನು ಅದರ ಮೇಲೆ ಮಗುಚಿ ಒಂದೆರಡು ಸಲ ಆಡಿಸಿ ಎತ್ತುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತಿರುತ್ತದೆ. ಆ ಚುಕ್ಕೆಗಳನ್ನಷ್ಟೇ ಕೆರೆಯಬೇಕು. ಒರೆಸಿ, ಮತ್ತೆ ಮಗುಚಿ, ಮತ್ತೆ ಎತ್ತಿ, ಮತ್ತೆ ಕೆರೆಯಬೇಕು. ಹೀಗೆ ಅರವತ್ತು, ಎಪ್ಪತ್ತು ಸಲ. ಉಳಿಯ ಹಿಡಿಯನ್ನು ಬಲಸೊಂಟಕ್ಕೆ ಆನಿಸಿಕೊಂಡು, ಕೈಯಿಂದಲ್ಲ, ನಡುವಿನಿಂದ ನೂಕುತ್ತಾರೆ. ಒಂದು ನೂಕಿಗೆ ಏಳುವ ಕಬ್ಬಿಣ ಸೊಳ್ಳೆಯ ರೆಕ್ಕೆಗಿಂತ ತೆಳ್ಳಗೆ.

ಬುಧವಾರ ಮಧ್ಯಾಹ್ನ ಅತ್ತಿಗೆ ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. “ಬರ್ತಿಲ್ಲ ಕಣೋ. ಒಂದು ಚುಕ್ಕೆ ತೆಗೆದ್ರೆ ಪಕ್ಕದ್ದು ಏಳ್ತಿದೆ” ಎಂದರು. ನೀರು ತಂದುಕೊಟ್ಟೆ. ಕುಡಿದು, ಉಳಿಯ ಬಾಯನ್ನು ಸಾಣೆಕಲ್ಲಿನ ಮೇಲೆ ಹೊಸದಾಗಿ ಹರಿತ ಮಾಡಿಕೊಂಡು, ಕಣ್ಣು ಮುಚ್ಚಿ ಹಾಸಿನ ಮೇಲೆ ಅಂಗೈ ಆಡಿಸುತ್ತ ಬಹಳ ಹೊತ್ತು ನಿಂತರು. ಆಮೇಲೆ ನೂಕಿದರು. ಅಲ್ಲಿಂದ ಮುಂದೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಪಾತ್ರೆ ತೊಳೆಯುವ, ಬಸ್ಸಿಗೆ ಓಡುವ, ಅಣ್ಣನ ಕೈಯಲ್ಲಿ ಬೈಸಿಕೊಳ್ಳುವ ನಮ್ಮ ಅತ್ತಿಗೆ ಅಲ್ಲಿರಲಿಲ್ಲ. ಒಂದೇ ಲಯ, ಒಂದೇ ಸದ್ದು. ನೀಲಿ ಚುಕ್ಕೆಗಳು ಸಣ್ಣಗಾಗುತ್ತ, ಹತ್ತಿರವಾಗುತ್ತ ಹಾಸಿನ ತುಂಬ ಹರಡಿದವು. ನನಗೆ ಮೈ ಜುಂ ಎಂದಿತು. ಇಷ್ಟು ದೊಡ್ಡದೊಂದು ನಮ್ಮ ಮನೆಯಲ್ಲಿ ಊಟ ಬಡಿಸಿಕೊಂಡು ಇತ್ತಲ್ಲ ಎಂದು ಭಯವೇ ಆಯಿತು.

ಗುರುವಾರ ಸಂಜೆ ಉಳಿ ಕೆಳಗಿಟ್ಟು, “ಇನ್ನು ಯಾರೂ ಮುಟ್ಬೇಡಿ” ಎಂದರು.

ಶುಕ್ರವಾರ ಹತ್ತು ಗಂಟೆಗೆ ಅಳತೆ. ಕೋಣೆ ಚಿಕ್ಕದು. ನಿರ್ದೇಶಕರು ಹನ್ನೊಂದು ಜನರನ್ನು ಕರೆತಂದಿದ್ದರು. ಫೋಟೋದವನು ಎರಡು ದೊಡ್ಡ ದೀಪಗಳನ್ನು ಹಾಸಿನ ನೆತ್ತಿಗೇ ನಿಲ್ಲಿಸಿದ್ದ. ಎಂಜಿನಿಯರ್ ಅಳೆಯುವ ಉಪಕರಣವನ್ನು ಹಾಸಿನ ಮೇಲೆ ಅಂಗುಲಂಗುಲ ಸರಿಸಿದರು. ಕೊನೆಯಲ್ಲಿ ಬಂದ ಅಂಕಿ ಏಳು ಮೈಕ್ರಾನ್. ಹಾಸು ನಡುವೆ ಉಬ್ಬಿತ್ತು. ಯಾರೋ ಲೊಚಗುಟ್ಟಿದರು. ನಿರ್ದೇಶಕರು ನನ್ನ ಕಡೆ ತಿರುಗಿದ ರೀತಿಗೆ ನನ್ನ ಕೆಲಸವೇ ಹೋಯಿತು ಅಂದುಕೊಂಡೆ.

ಅತ್ತಿಗೆ ಮುಂದೆ ಬಂದು, ಮಗುವಿನ ಹಣೆ ಮುಟ್ಟಿ ನೋಡುವಂತೆ ಕೈಯ ಹಿಂಬದಿಯನ್ನು ಹಾಸಿನ ಮೇಲಿಟ್ಟರು.

“ಇದಕ್ಕೆ ಜ್ವರ ಬಂದಿದೆ. ಬಿಸಿಯಾದ್ರೆ ಕಬ್ಬಿಣ ಉಬ್ಬುತ್ತೆ. ದೀಪ ಆರಿಸಿ. ಎಲ್ರೂ ಹೊರಗೆ ನಡೀರಿ, ಎರಡು ಗಂಟೆ ಯಾರೂ ಒಳಗೆ ಬರ್ಬಾರ್ದು.”

“ನಾನು ಇಲ್ಲಿಯ ನಿರ್ದೇಶಕ ಕಣಮ್ಮ” ಎಂದರು ನಿರ್ದೇಶಕರು.

“ನಿಮ್ಮ ಮೈಯೂ ಬಿಸಿನೇ ಅಲ್ವಾ ಸರ್?”

ದುಭಾಷಿ ಹುಡುಗಿ ಇದನ್ನು ಹೇಳಿದಾಗ ಎಂಜಿನಿಯರ್ ಆ ವಾರದಲ್ಲಿ ಮೊದಲ ಸಲ ನಕ್ಕರು. ಎಲ್ಲರಿಗಿಂತ ಮೊದಲು ಹೊರಗೆ ಹೋದವರೂ ಅವರೇ.

ಎರಡು ಗಂಟೆ ನಾವೆಲ್ಲ ವರಾಂಡದಲ್ಲಿ ಕಾದೆವು. ಎಂಜಿನಿಯರ್ ಮೆಟ್ಟಿಲ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಕರೆದರು. ಪಟ್ಟಿ ಬರೆದವರು ನೀವಂತೆ, ಇವರಂಥವರು ನಿಜವಾಗಿ ಎಷ್ಟು ಜನ ಇದ್ದಾರೆ, ಎಂದು ದುಭಾಷಿಯ ಮೂಲಕ ಕೇಳಿದರು. ನಿರ್ದೇಶಕರು ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದರು. ನೂರು ಎನ್ನಬಹುದಿತ್ತು, ಐವತ್ತು ಎನ್ನಬಹುದಿತ್ತು. ಮೂರು ದಿನ ಆ ಕೆಲಸ ನೋಡಿದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಒಬ್ಬರು. ಅವರನ್ನೂ ನಾನು ಅಕುಶಲ ಅಂತ ಬರೆದಿದ್ದೆ” ಎಂದೆ.

ಹನ್ನೆರಡು ಗಂಟೆಗೆ ಎಂಜಿನಿಯರ್, ಅತ್ತಿಗೆ, ದುಭಾಷಿ ಮಾತ್ರ ಒಳಗೆ ಹೋದರು. ನಾವು ತೆರೆದ ಬಾಗಿಲಲ್ಲಿ ನಿಂತೆವು. ಉಪಕರಣ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯಿತು. ಎಂಜಿನಿಯರ್ ಒಮ್ಮೆ ಅಳೆದರು, ನಂಬಲಾರದೆ ಮತ್ತೊಮ್ಮೆ ಅಳೆದರು. ಎರಡು ಸಲವೂ ಒಂದು ಪಾಯಿಂಟ್ ನಾಲ್ಕು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಾನು ಹದಿನಾರನೇ ವಯಸ್ಸಿಗೆ ಇದೇ ಬೆಂಚಿನ ಕೆಲಸಕ್ಕೆ ಸೇರಿದವನು, ಇಂಥ ಕೈಯನ್ನು ಬದುಕಿನಲ್ಲಿ ಎರಡೇ ಸಲ ನೋಡಿದ್ದೇನೆ ಎಂದರು. ಅತ್ತಿಗೆ ಅಂಕಿಯ ಕಡೆ ನೋಡಲೇ ಇಲ್ಲ. ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು.

ಆಮೇಲೆ ಎಂಜಿನಿಯರ್ ಅವರ ದನಿ ತಗ್ಗಿತು. ದುಭಾಷಿ ಹುಡುಗಿಗೂ ಹೇಳಲು ಕಷ್ಟವಾಗುತ್ತಿತ್ತು. “ಒಬ್ಬರನ್ನ ನಂಬಿ ಕಾರ್ಖಾನೆ ಹಾಕೋಕೆ ಆಗಲ್ಲ ಅಂತಿದ್ದಾರಮ್ಮ. ಕ್ಷಮಿಸಿ ಅಂತಿದ್ದಾರೆ. ಐದು ಜನ ಆದ್ರೂ ಬೇಕಿತ್ತಂತೆ.”

ಅತ್ತಿಗೆ ತಲೆ ಎತ್ತಿದರು. “ಒಬ್ಳೇ ಅಂತ ಯಾರು ಹೇಳಿದ್ದು?”

ಎಲ್ಲರೂ ನನ್ನನ್ನು ನೋಡಿದರು.

“ನಮ್ಮ ಬೆಂಚಲ್ಲಿ ಆರು ಜನ ಇದ್ವಿ. ಆ ಮೇಸ್ತ್ರಿ ನನಗೆ ಕಲಿಸಿದ, ಉಳಿದ ಐವರಿಗೆ ನಾನು ಕಲಿಸ್ದೆ. ಅವರಲ್ಲಿ ಇಬ್ರ ಕೈ ನನಗಿಂತ ಚೆನ್ನಾಗಿದೆ.”

“ಈಗ ಎಲ್ಲಿದ್ದಾರೆ ಅತ್ತಿಗೆ?” ಎಂದೆ.

“ಇನ್ನೆಲ್ಲಿ? ನನ್ನ ಪಕ್ಕದಲ್ಲೇ, ಲೇಬಲ್ ಅಂಟಿಸ್ತಿದ್ದಾರೆ.”

“ಮೊದಲೇ ಹೇಳ್ಬಾರ್ದಿತ್ತಾ?”

“ನೀನು ಕೇಳಿದ್ದು ನಾನು ಬರ್ತೀನಾ ಅಂತ. ಬೇರೆ ಯಾರಿದ್ದಾರೆ ಅಂತ ಯಾರು ಕೇಳಿದ್ರು?”

ನನ್ನ ಲೆಕ್ಕ ಎರಡನೇ ಸಲ ತಪ್ಪಿತ್ತು. ಈ ಸಲ ತಪ್ಪಿದ್ದಕ್ಕೆ ನನಗಾದ ಸಂತೋಷ ಇಷ್ಟಿಷ್ಟಲ್ಲ. ಎಂಜಿನಿಯರ್, ಈಗಲೇ ಅಲ್ಲಿಗೆ ಹೋಗೋಣ ಎಂದರು. ಆ ಐವರಿಗೂ ಪರೀಕ್ಷೆ ಇಡಬೇಕಲ್ಲವೇ ಎಂದು ನಿರ್ದೇಶಕರು ಕೇಳಿದಾಗ, ಇವರ ಪಕ್ಕದಲ್ಲಿ ಅಷ್ಟು ವರ್ಷ ನಿಂತವರನ್ನು ಪರೀಕ್ಷಿಸಲು ನಾನು ಯಾರು, ಕಾರ್ಖಾನೆಯ ಒಪ್ಪಂದಕ್ಕೆ ಇವತ್ತೇ ಸಹಿ ಹಾಕುತ್ತೇನೆ ಎಂದರು.

ಪ್ಯಾಕಿಂಗ್ ವಿಭಾಗ ಕಾರ್ಖಾನೆಯ ಹಿಂಬದಿಯ ಶೆಡ್ಡು. ಉದ್ದನೆಯ ಮೇಜುಗಳು, ಮಾಡಿನವರೆಗೆ ರಟ್ಟಿನ ಪೆಟ್ಟಿಗೆ, ಅಲ್ಲಲ್ಲಿ ಗೋಂದಿನ ಡಬ್ಬಿಗಳು. ಮೂವತ್ತು ಹೆಂಗಸರು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು, “ಏಳ್ರೇ, ಬೆಂಚು ಸಿಕ್ತು” ಎಂದರು. ಗಟ್ಟಿಯಾಗಿಯೇನೂ ಕೂಗಲಿಲ್ಲ. ಐದು ಜನ ಎದ್ದು ನಿಂತರು. ಒಬ್ಬಾಕೆಯ ತಲೆ ಪೂರ್ತಿ ನರೆತಿತ್ತು. ಒಬ್ಬಾಕೆ ದಪ್ಪ ಕನ್ನಡಕದವಳು.

ಎಂಜಿನಿಯರ್ ಮೇಜುಗಳ ನಡುವೆ ನಡೆದು ಹೋಗಿ, ಮೊದಲು ಸಿಕ್ಕ ಆ ನರೆತಲೆಯಾಕೆಯ ಮುಂದೆ ತಲೆಬಾಗಿ ಕೈ ಚಾಚಿದರು. ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಅಂಟಂಟಾಗಿದೆ ಸ್ವಾಮಿ. ತೊಳ್ಕೊಂಡು ಬರ್ತೀವಿ.”

ಐವರೂ ಮೂಲೆಯ ನಲ್ಲಿಯ ಕಡೆ ಹೊರಟರು. ಅತ್ತಿಗೆಯ ಕೈ ಶುದ್ಧವಾಗಿಯೇ ಇತ್ತು, ಆದರೂ ಅವರ ಜೊತೆ ಹೋದರು. ಗೋಂದು ಬೇಗ ಬಿಡುವುದಿಲ್ಲ. ಸೋಪು ಹಚ್ಚಿ, ಉಗುರಿನಿಂದ ಕೆರೆದು, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಉಜ್ಜುತ್ತಿದ್ದರು. ಒಬ್ಬಾಕೆ ಅಳುತ್ತಿದ್ದಳು, ಉಳಿದವರು ಅವಳನ್ನು ನಗಿಸುತ್ತಿದ್ದರು. ನಿರ್ದೇಶಕರು ವಿಮಾನದ ಹೊತ್ತನ್ನು ನೆನಪಿಸಲು ಗಡಿಯಾರ ತೋರಿಸಿದರು. ಎಂಜಿನಿಯರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ನಿಂತೇ ಇದ್ದರು. ನಾವೂ ನಿಂತು ಕಾದೆವು.