ನಿಂಗವ್ವನ ಕೈಯ ಝುಣಕಾ

ಬೆಳಗಾವಿಯ ಮಹಾಂತೇಶ ನಗರದಲ್ಲಿ ಸಾತವ್ವನ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಳಕರಿ ರಾಮಲಿಂಗನ ಮನೆ ಎಂದರೆ ಮೂರು ಓಣಿಯಾಚೆಯಿಂದಲೇ ಬೆರಳು ಮಾಡಿ ತೋರಿಸುತ್ತಿದ್ದರು. ಆ ಮನೆಯಲ್ಲಿ ಕಸ ಹೊಡೆಯುವವಳು, ನೀರು ತುಂಬುವವಳು, ರೊಟ್ಟಿ ಬಡಿಯುವವಳು ಇವಳು. ಹೆಸರು ಮಾತ್ರ ಗಂಡನ ಕೊರಳಲ್ಲಿದ್ದ ತುಳಸಿಮಾಲೆಯದು.

ರಾಮಲಿಂಗ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಗಂಡ ಹೆಂಡತಿ ಇಬ್ಬರದೂ ಖಾನಾಪುರ ತಾಲೂಕಿನ ನಂದಗಡದ ಕಡೆಯ ಕುರುಬರ ಮನೆತನ. ಒಂಬತ್ತು ವರ್ಷದ ಹಿಂದೆ ಅವನು ಪಂಢರಪುರಕ್ಕೆ ಹೋಗಿ ವಿಠ್ಠಲನ ಮಾಲೆ ಹಾಕಿಸಿಕೊಂಡು ಮಾಳಕರಿಯಾಗಿ ಬಂದ. ಅವತ್ತಿನಿಂದ ಮನೆಯಲ್ಲಿ ಮಾಂಸ ಬಂದ್, ಮದ್ಯ ಬಂದ್, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಬಂದ್. ಮಾಲೆ ಕಟ್ಟಿಕೊಂಡವನು ಗಂಡ, ನಾಲಿಗೆ ಕಟ್ಟಿಕೊಂಡವಳು ಹೆಂಡತಿ. ಆಡಿನ ತಲೆ ಸುಟ್ಟು ಸಾರು ಮಾಡುವ ಮನೆಯಲ್ಲಿ ಹುಟ್ಟಿದ ಸಾತವ್ವನನ್ನು 'ನಿನಗೂ ನಡೀತೈತೇನು?' ಎಂದು ಒಬ್ಬರೂ ಕೇಳಲಿಲ್ಲ. ಅವಳೂ ಹಟ ಮಾಡಲಿಲ್ಲ. ಬಳ್ಳೊಳ್ಳಿ ಇಲ್ಲದೆಯೂ ಬಾಯಿ ಚಪ್ಪರಿಸುವಂತೆ ಅಡಿಗೆ ಮಾಡುವುದನ್ನು ತಾನೇ ಕಲಿತುಕೊಂಡಳು. ಮಗಳು ಮನಿಷಾಳನ್ನು ಲೋಂಡಾಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಣ್ಣುವವರು ಇಬ್ಬರೇ ಉಳಿದರು. ಅದರಲ್ಲೊಬ್ಬನು ತಾಟಿನಲ್ಲಿ ಏನಿದೆ ಎಂದು ನೋಡದೆ ಉಂಡು ಏಳುವವನು.

ಸಾತವ್ವನಿಗೆ ಇದ್ದ ಆಸೆ ಒಂದೇ. ಪ್ರತಿ ಆಷಾಢದ ಮುಂಚೆ ನಂದಗಡದಿಂದ ಪಂಢರಪುರಕ್ಕೆ ದಿಂಡಿ ಹೊರಡುತ್ತದೆ. ತಾಳ ಬಡಿಯುತ್ತ, ಅಭಂಗ ಹಾಡುತ್ತ ನಲವತ್ತು ಮಂದಿ ನಡೆದೇ ಹೋಗುತ್ತಾರೆ. ಎರಡನೆಯ ದಿನ ಮಧ್ಯಾಹ್ನ ಅವರ ಊಟ ಬೆಳಗಾವಿಯಲ್ಲಿ, ಯಾರಾದರೊಬ್ಬ ಮಾಳಕರಿಯ ಮನೆಯಲ್ಲಿ. ಎರಡು ಸಾವಿರದ ಇಸವಿಯ ಸರದಿ ರಾಮಲಿಂಗನದು ಎಂದು ದಿಂಡಿಯ ಹಿರಿಯ ಭರಮಣ್ಣ ಹೇಳಿ ಕಳಿಸಿದ ದಿನ ಸಾತವ್ವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಲವತ್ತು ಮಂದಿ ತನ್ನ ಕೈಯದನ್ನು ಉಂಡು, ಚಲೋ ಇತ್ತು ಎನ್ನಬೇಕು. ಒಂಬತ್ತು ವರ್ಷ ಬಾಯಿ ಕಟ್ಟಿದ್ದಕ್ಕೆ ಅಷ್ಟಾದರೂ ಬರಬೇಕಲ್ಲ!

ಅಲ್ಲಿಯವರೆಗೆ ಅವಳ ಅಡಿಗೆಯನ್ನು ರುಚಿ ನೋಡಿ ಮಾತಾಡುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ನಿಂಗವ್ವ. ಲಿಂಗಾಯತರ ಮನೆ. ಗಂಡ ದುಂಡಪ್ಪ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ, ಹಣೆಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಮನುಷ್ಯ. ಎರಡು ಮನೆಗಳ ಹಿತ್ತಿಲ ನಡುವೆ ಎದೆಮಟ್ಟದ ಗೋಡೆ. ಗಂಡಸರು ಕೆಲಸಕ್ಕೆ ಹೋದ ಮೇಲೆ ಅದರ ಮೇಲಿಂದ ಈ ಕಡೆಯ ಹೆಸರುಕಾಳಿನ ಉಸುಳಿ ಆ ಕಡೆಗೆ, ಆ ಕಡೆಯ ಎಣ್ಣೆಗಾಯಿ ಈ ಕಡೆಗೆ. 'ಉಪ್ಪು ಒಂದು ಹರಳು ಕಮ್ಮಿ', 'ಇವತ್ತ ಕೈ ಗೆದ್ದೀ ನೋಡವಾ' ಎಂಬ ಮಾತುಗಳಿಗಾಗಿ ಸಾತವ್ವ ಮುಂಜಾನೆಯಿಂದ ಕಾಯುತ್ತಿದ್ದಳು.

ಹಿಂದಿನ ವರ್ಷ ದೀಪಾವಳಿ ಮುಗಿದ ಮೇಲೆ ನಿಂಗವ್ವನಿಗೆ ಕಿಡ್ನಿಯಲ್ಲಿ ಹರಳಾಯಿತು. ನೋವಿಗೆ ನೆಲ ಕಚ್ಚಿ ಹೊರಳಾಡಿದಳು. ಬ್ಯಾಂಕಿನಲ್ಲಿ ಯಾರೋ ಬಲ್ಲವರು, ಬಿಯರ್ ಕುಡಿಸಿರಿ, ಹರಳು ತೊಳೆದುಕೊಂಡು ಹೋಗುತ್ತದೆ ಎಂದರಂತೆ. ದುಂಡಪ್ಪ ಎರಡು ದಿನ ಒದ್ದಾಡಿ, ಮೂರನೆಯ ದಿನ ಪೇಪರಿನಲ್ಲಿ ಸುತ್ತಿದ ಬಾಟ್ಲಿ ತಂದು ದೇವರ ಜಗುಲಿಗೆ ಕಾಣದಂತೆ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟ. ಔಷಧ ಎಂದುಕೊಂಡು ಕುಡಿ ಎಂದು ಹೇಳಿ ಬ್ಯಾಂಕಿಗೆ ಓಡಿದ. ನಿಂಗವ್ವ ಮೂಸಿ ನೋಡಿ ವಾಂತಿ ಬಂದಂತಾಗಿ ಗೋಡೆಯ ಹತ್ತಿರ ಬಂದಳು.

"ಸಾತಕ್ಕಾ, ಇದು ನನ್ನ ಗಂಟಲದಾಗ ಇಳಿಯೂದಿಲ್ಲ. ನೀ ಬಾಜೂ ಕುಂತರ ಧೈರ್ಯಾ ಬರತೈತಿ, ಬಾರs."

"ಬರೇ ಬಾಯಾಗ ಯಾವ ಔಷಧಿ ಇಳೀತೈತಿ? ತಡಿ, ಮೆಣಸಿನಕಾಯಿ ಭಜಿ ಕರಕೊಂಡ ಬರತೇನಿ," ಎಂದಳು ಸಾತವ್ವ.

ಭಜಿಯ ಖಾರಕ್ಕೆ ನಿಂಗವ್ವ ಒಂದು ಗುಟುಕು ಕುಡಿದಳು. ಎರಡನೆಯದಕ್ಕೆ ಮುಖ ಕಿವುಚಿದಳು. 'ನೀನೂ ಕುಡಿದರೆ ಕುಡೀತೇನಿ' ಎಂದು ಹಟ ಹಿಡಿದಳು. ಮಾಳಕರಿಯ ಹೆಂಡತಿ ಸಾತವ್ವ ಬ್ಯಾಡ ಬ್ಯಾಡ ಎಂದಳು. ಆಮೇಲೆ ಲೋಟ ಮುಂದೆ ಮಾಡಿದಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಅದು ಹಿಡಿಸಿತು. ಒಂಬತ್ತು ವರ್ಷದಲ್ಲಿ ಅವಳ ನಾಲಿಗೆಯನ್ನು ಕೇಳಿ ಬಂದ ಮೊದಲನೆಯ ಪದಾರ್ಥ ಅದು.

ಹರಳು ಮೂರು ವಾರದಲ್ಲಿ ಬಿದ್ದುಹೋಯಿತು. ನಿಂಗವ್ವ ಅದನ್ನು ಗಂಡನಿಗೆ ಹೇಳಲಿಲ್ಲ. ಬದಲಿಗೆ ಪ್ರತಿ ಮಂಗಳವಾರ ಸಂಜೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. ನೋವಿಗೂ ವಾರ ಗೊತ್ತಿರುತ್ತದೆಯೇ ಎಂದು ಪಾಪದ ದುಂಡಪ್ಪ ಕೇಳಲಿಲ್ಲ. ಬಾಟ್ಲಿ ತರುತ್ತಿದ್ದ, ಖಾಲಿಯಾದದ್ದನ್ನು ಗುರುವಾರ ತಾನೇ ಚೀಲದಲ್ಲಿ ಹಾಕಿಕೊಂಡು ಒಯ್ಯುತ್ತಿದ್ದ. ಬುಧವಾರ ಮಧ್ಯಾಹ್ನ ಇಬ್ಬರೂ ನಿಂಗವ್ವನ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು, ಮಜ್ಜಿಗೆ ಕುಡಿಯುವ ಸ್ಟೀಲಿನ ಲೋಟದಲ್ಲಿ ಸಮಪಾಲು ಹಂಚಿಕೊಳ್ಳುತ್ತಿದ್ದರು. ಬಾಟ್ಲಿಯ ಮೇಲಿನ ಇಂಗ್ಲಿಷು ಇಬ್ಬರಿಗೂ ಬರದು. ನಿಂಗವ್ವನಿಗೆ ಹಸಿರು ಬಾಟ್ಲಿಯದು ಸೇರುತ್ತಿತ್ತು, ಅದು ಹಗುರು. ಅದಕ್ಕೆ ನಿಂಬೆಹಣ್ಣು ಹಿಂಡಿದ ಉಸುಳಿ ಸರಿ. ಸಾತವ್ವನಿಗೆ ಕೆಂಪು ಚೀಟಿಯದು, ಗಂಟಲು ಹಿಡಿಯುವಂಥದು. ಅದಕ್ಕೆ ಹುರಿದ ಶೇಂಗಾ, ನಾಚಣಿ, ಅಂದರೆ ರಾಗಿಯ ಹಪ್ಪಳ. ಮುಂದಿನ ವಾರ ಯಾವುದಕ್ಕೆ ಏನು ಮಾಡೋಣ ಎಂದು ವಾರವೆಲ್ಲ ಮಾತು. ಇಬ್ಬರು ಗೃಹಿಣಿಯರ ಈ ಸುಖ ಯಾರ ಮನೆಯನ್ನೂ ಮುರಿಯುವಂಥದಾಗಿರಲಿಲ್ಲ. ಆದರೂ ಬಾಗಿಲು ಹಾಕಿಕೊಂಡೇ ಕುಡಿಯಬೇಕಿತ್ತು.

ದುಂಡಪ್ಪನ ಪ್ರೀತಿಯೇ ಮುಳುವಾಯಿತು. ಏಳು ತಿಂಗಳಾದರೂ ಹರಳು ಕರಗದೆ ಹೆಂಡತಿ ನರಳುತ್ತಾಳಲ್ಲ ಎಂದು ಅವನಿಗೆ ದಿಗಿಲಾಗಿ, ದಿಂಡಿಗೆ ಹತ್ತು ದಿನ ಇರುವಾಗ ರಜೆ ಹಾಕಿ ಅವಳನ್ನು ಸ್ಕ್ಯಾನಿಂಗಿಗೆ ಕರೆದೊಯ್ದ. ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು, ಇಲ್ಲಿ ಹರಳೇ ಇಲ್ಲವಲ್ಲ, ಯಾವ ಕಾಲಕ್ಕೋ ಹೋಗಿದೆ ಎಂದುಬಿಟ್ಟರು. ಮನೆಗೆ ಬಂದ ದುಂಡಪ್ಪ ಒಂದೇ ಪ್ರಶ್ನೆ ಕೇಳಿದ. ಹರಳು ಇಲ್ಲದ ಮೇಲೆ ವಾರವಾರ ಖಾಲಿಯಾದ ಬಾಟ್ಲಿಯೊಳಗಿನದು ಯಾರ ಹೊಟ್ಟೆಗೆ ಹೋಯಿತು?

ನಿಂಗವ್ವ ಹಿತ್ತಿಲ ಗೋಡೆಯ ಕಡೆ ನೋಡಿದಳು.

ಸಂಜೆ ದುಂಡಪ್ಪ ರಾಮಲಿಂಗನ ಪಡಸಾಲೆಯಲ್ಲಿ ಬಂದು ಕೂತ. ಬಯ್ಯಲಿಲ್ಲ, ಕೂಗಾಡಲಿಲ್ಲ. ಮರ್ಯಾದಸ್ಥರು ಮನೆ ಮುರಿಯುವಾಗ ದನಿ ಎತ್ತುವುದಿಲ್ಲ.

"ರಾಮಲಿಂಗಣ್ಣಾ, ತಪ್ಪ ತಿಳಕೋಬ್ಯಾಡ. ನಮ್ಮಾಕಿ ಮನಸು ಭಾಳ ಮೆತ್ತಗ. ಔಷಧಿ ಅಂತ ನಾ ತಂದ ಬಾಟ್ಲಿ, ನಿಮ್ಮಾಕಿ ಕೇಳತಾಳಂತ ವಾರಾ ವಾರಾ ಕೊಟ್ಟಾಳ. ಇಲ್ಲ ಅನ್ನಾಕ ಬಾಯಿ ಬಂದಿಲ್ಲ. ನೀ ಆದರ ಮಾಲಿ ಹಾಕಿದಾಂವ. ಮುಂದಿನ ವಾರ ಸಂತರು ಬರೂದೈತಿ. ತಿಳಿಸೂದು ಧರ್ಮಾ ಅಂತ ಬಂದೆ."

ರಾಮಲಿಂಗನ ಕೈ ಕೊರಳ ಮಾಲೆಗೆ ಹೋಯಿತು. "ಖರೇ ಏನs ಇದು?" ಎಂದು ಹೆಂಡತಿಯನ್ನು ಕೇಳಿದ.

"ಅರ್ಧಾ ಖರೇ," ಎಂದಳು ಸಾತವ್ವ. "ನಾ ಕುಡದೇನಿ, ಇಲ್ಲ ಅನ್ನೂದಿಲ್ಲ. ಅಕಿನೂ ಕುಡದಾಳ. ಅರ್ಧಾ ಅಕಿದು, ಅರ್ಧಾ ನಂದು. ಮೊದಲ ಕರದಾಕಿನೂ ಅಕಿನs."

ದುಂಡಪ್ಪ ಕಿವಿ ಮುಚ್ಚಿಕೊಂಡ. ರಾಮಲಿಂಗನೇ ಎದ್ದು ನಿಂತ.

"ಲಿಂಗಾ ಕಟಗೊಂಡ ಹೆಣ್ಮಗಳ ಮ್ಯಾಲ ಹಾಕತಿಯಲ್ಲ, ನಾಲಿಗಿ ಬಿದ್ದ ಹೋದೀತು! ಅವರ ಮಂದ್ಯಾಗ ಇಂಥಾದ್ದ ಎಲ್ಲೆ ಐತಿ? ಇದು ನಮ್ಮ ರಗತದಾಗ ಐತಿ. ನಾ ತೊಳಕೊಂಡೆ, ನೀ ತೊಳಕೊಳ್ಳಿಲ್ಲ."

ಪರರು ಅಂದಿದ್ದರೆ ಸಾತವ್ವ ಉಗುಳಿ ಬರುತ್ತಿದ್ದಳು. ಅಂದವನು ತನ್ನದೇ ಕುಲದವನು, ಇಪ್ಪತ್ತೈದು ವರ್ಷ ತನ್ನ ಕೈಯದನ್ನು ಉಂಡವನು. ಅವನಿಗೂ ತನ್ನ ಮಾತಿಗಿಂತ ಆ ಮನೆಯ ಜಾತಿಯೇ ಹೆಚ್ಚು ನಂಬಿಕೆಯದಾಯಿತಲ್ಲ!

ಆ ಪಡಸಾಲೆಯಲ್ಲೇ ಉಳಿದ ತೀರ್ಮಾನವೂ ಆಯಿತು. ಕುಡಿದ ಕೈಯ ಅನ್ನವನ್ನು ಮಾಳಕರಿಗಳಿಗೆ ಹಾಕುವಂತಿಲ್ಲ. ಸರದಿ ಬಿಟ್ಟರೆ ಭರಮಣ್ಣ ಕಾರಣ ಕೇಳುತ್ತಾನೆ, ನಂದಗಡದ ತುಂಬ ಸುದ್ದಿಯಾಗುತ್ತದೆ. "ಚಿಂತಿ ಬ್ಯಾಡ ರಾಮಲಿಂಗಣ್ಣಾ, ನಮ್ಮ ಮನ್ಯಾಗ ಜಾಗಾ ಭಾಳ ಐತಿ. ಊಟಾ ಅಲ್ಲೇ ಆಗಲಿ, ನಮ್ಮಾಕಿ ಮಾಡತಾಳ. ನಮಗೂ ದಾಸೋಹದ ಪುಣ್ಯಾ," ಎಂದ ದುಂಡಪ್ಪ. ರಾಮಲಿಂಗ ಅವನ ಎರಡೂ ಕೈ ಹಿಡಿದುಕೊಂಡ. ಸಾತವ್ವನ ನಲವತ್ತು ಮಂದಿಯ ಊಟ, ಬುಧವಾರದ ಲೋಟ ಹಿಡಿದ ಇನ್ನೊಂದು ಕೈಗೆ ಹೋಯಿತು. ಆ ಕೈ ಶುದ್ಧ, ಈ ಕೈ ಮೈಲಿಗೆ!

ಮರುದಿನದಿಂದ ರಾಮಲಿಂಗ ಡಿಪೊ ಕ್ಯಾಂಟೀನಿನಲ್ಲಿ ಉಣ್ಣತೊಡಗಿದ. ಸಾತವ್ವ ತನ್ನೊಬ್ಬಳಿಗೇ ಒಲೆ ಹೊತ್ತಿಸಿದಳು, ಕೆಲವು ದಿನ ಅದನ್ನೂ ಹೊತ್ತಿಸಲಿಲ್ಲ.

ದಿಂಡಿಗೆ ಎರಡು ದಿನ ಇರುವಾಗ ನಿಂಗವ್ವ ಗೋಡೆಯ ಹತ್ತಿರ ಬಂದು ನಿಂತಳು.

"ಸಿಟ್ಟ ಐತೇನ ಸಾತಕ್ಕಾ?"

ಸಾತವ್ವ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನಾ ಮತ್ತೇನ ಮಾಡಬೇಕಿತ್ತು ಹೇಳು? ನನ್ನ ಹೆಸರ ಹೇಳಿದ್ದರ ನನ್ನ ತವರಮನಿಗಿ ಅಟ್ಟತಿದ್ದರು. ನಿಮ್ಮ ಮಂದ್ಯಾಗ ಇದೆಲ್ಲಾ ನಡೀತೈತಿ. ನಿನಗೇನ ಹೋಗೂದೈತಿ?"

ಸಾತವ್ವ ತಲೆಯೆತ್ತಿ ನೋಡಿದಳು. ನಿಂಗವ್ವ ವ್ಯಂಗ್ಯವಾಡುತ್ತಿರಲಿಲ್ಲ. ಖರೇನೇ ಹಾಗೆ ನಂಬಿದ್ದಳು. ಅಷ್ಟು ಬುಧವಾರ ಜೊತೆಗೆ ಕೂತು ಕುಡಿದವಳಿಗೆ, ಸಾತವ್ವನಿಗೂ ಹೋಗುವಂಥದೊಂದು ಇದೆ ಎಂದು ಗೊತ್ತೇ ಆಗಿರಲಿಲ್ಲ. ಏನು ಹೇಳಿದರೂ ಅದು ಅವಳ ತಲೆಗೆ ಹೋಗುವಂತಿರಲಿಲ್ಲ.

"ಬಂದದ್ದ್ಯಾಕ ಅದನ್ನ ಹೇಳು," ಎಂದಳು.

ನಿಂಗವ್ವ ದನಿ ಇಳಿಸಿದಳು. "ದಿಂಡಿಯವರಿಗಿ ಝುಣಕಾನೇ ಆಗಬೇಕಂತ. ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕೂ ಹಂಗಿಲ್ಲ. ನಿನ್ನೆ ಮಾಡಿ ನೋಡಿದೆ, ಹಸೀ ಕಡ್ಲಿಹಿಟ್ಟ ತಿಂದಂಗ ಆತು. ನಲವತ್ತ ಮಂದಿ ಮುಂದ ಮಾನಾ ಹೋಗತೈತಿ. ಹಿತ್ತಲ ಬಾಗಲಾ ತೆರದಿಟ್ಟಿರತೇನಿ, ಮುಂಜಾನಿ ಬಂದ ಮಾಡಿಕೊಟ್ಟ ಹೋಗ. ಯಾರಿಗೂ ಗೊತ್ತ ಆಗೂದಿಲ್ಲ."

ಹಿಡಿಶಾಪ ಹಾಕಿ ಕಳಿಸಬೇಕಿತ್ತು. ಓದುವ ನಾವು ನೀವು ಹಾಗೇ ಮಾಡುತ್ತಿದ್ದೆವು ಎಂದುಕೊಳ್ಳುತ್ತೇವೆ. ಆದರೆ ಒಂಬತ್ತು ವರ್ಷ ಒಂದು ಊಟಕ್ಕಾಗಿ ಕಾದವರ ಹೊಟ್ಟೆಯ ಸಂಕಟ ಬೇರೆ. ಸಾತವ್ವ ಎರಡು ದಿನ ನಿದ್ದೆಗೆಟ್ಟಳು. ಯಾರ ಹೆಸರಿನಲ್ಲಾದರೂ ಆಗಲಿ, ಉಣ್ಣುವುದು ನನ್ನ ಕೈಯದನ್ನು. ಅವರಿಗೆ ಗೊತ್ತಿಲ್ಲದಿದ್ದರೂ ವಿಠ್ಠಲನಿಗೆ ಗೊತ್ತಿರುತ್ತದೆ, ಅವನು ಬೇಡ ಎಂದರೆ ಹಿಟ್ಟು ಗಂಟುಗಟ್ಟಲಿ ಎಂದುಕೊಂಡಳು. ದಿಂಡಿಯ ದಿನ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಗಂಡಸರಿಬ್ಬರೂ ದಿಂಡಿಯನ್ನು ಎದುರುಗೊಳ್ಳಲು ಹೋದ ಮೇಲೆ, ಒದ್ದೆ ಕೂದಲಿನಲ್ಲೇ ನಿಂಗವ್ವನ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು.

ದೊಡ್ಡ ಬೋಗುಣಿಗೆ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು, ಕುಟ್ಟಿದ ಹಸಿಮೆಣಸಿನಕಾಯಿ ಹಾಕಿದಳು. ಬಳ್ಳೊಳ್ಳಿಯ ಜಾಗದಲ್ಲಿ ಇಂಗು, ಉಳ್ಳಾಗಡ್ಡಿಯ ಜಾಗದಲ್ಲಿ ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಮತ್ತು ಒಣಕೊಬ್ಬರಿ. ಅರಿಶಿನ ಕಲಸಿದ ಹುಣಸೆಹುಳಿಯ ನೀರು ಕುದಿಯುವಾಗ ಒಂದು ಕೈಯಿಂದ ಕಡಲೆಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಿದಳು. ನಲವತ್ತು ಮಂದಿಯ ಹಿಟ್ಟು ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಒಂದೇ ಒಂದು ಗಂಟು ಕಟ್ಟಲಿಲ್ಲ. ನಿಂಗವ್ವ ಚಮಚದ ತುದಿಯಲ್ಲಿ ರುಚಿ ನೋಡಿ, 'ಕೈ ಗೆದ್ದೀ ನೋಡವಾ' ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಅಷ್ಟರಲ್ಲಿ ಮಳೆಯಲ್ಲಿ ತೊಯ್ದ ದಿಂಡಿ ಬಂದೇಬಿಟ್ಟಿತು. ಅಂಗಳದ ತುಂಬ ಜನ, ಹಿತ್ತಿಲಲ್ಲೂ ಕೈಕಾಲು ತೊಳೆಯುವವರು. ಸಾತವ್ವ ಹೊರಗೆ ಹೋಗಲಾಗದೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು. ಪಂಕ್ತಿ ಕೂತಿತು, ರೊಟ್ಟಿ ಝುಣಕಾ ಬಿತ್ತು. ಸಾಲಿನ ತುಂಬ ಬಾಯಿ ಚಪ್ಪರಿಸುವ ಸದ್ದು.

"ತಾಯಿ, ಝುಣಕಾ ಯಾರ ಕೈದು?" ಎಂದು ಭರಮಣ್ಣ ಕೇಳಿದ.

"ನಂದs ರೀ ಅಜ್ಜಾರ," ಎಂದಳು ನಿಂಗವ್ವ.

"ಇನ್ನೊಂದೀಟು ಹಾಕ್ರಿ ಅಕ್ಕಾರ," ಎಂಬ ದನಿ ಬಂತು. ಅದು ರಾಮಲಿಂಗನದು. ಸಾತವ್ವ ಬಾಗಿಲ ಸಂದಿಯಿಂದ ನೋಡಿದಳು. ಮನೆಯಲ್ಲಿ ಒಂದು ದಿನವೂ ಎರಡನೆಯ ಸಲ ಕೇಳದವನು ಇಲ್ಲಿ ಮೂರು ಸಲ ಹಾಕಿಸಿಕೊಂಡ. ಹದಿನೈದು ದಿನಕ್ಕೊಮ್ಮೆ ಅವನ ತಾಟಿಗೆ ಬೀಳುತ್ತಿದ್ದ ಝುಣಕಾ ಅದೇ. ಅದೇ ಇಂಗು, ಅದೇ ಶೇಂಗಾ. ಒಂದು ತುತ್ತಾದರೂ ಗುರುತು ಹಿಡಿದಾನೇನೋ, ಕೈ ನಿಲ್ಲಿಸಿ ಸುತ್ತ ನೋಡ್ಯಾನೇನೋ ಎಂದು ಅವಳು ಕಾದಳು. ಅವನು ತಾಟು ಬೆರಳಿನಿಂದ ಬಳಿದು ಎದ್ದ.

ಉಂಡವರು ಅಂಗಳದಲ್ಲಿ ಸೇರಿದ ಗದ್ದಲದಲ್ಲಿ ಹಿತ್ತಿಲ ಗೋಡೆ ಹಾರಿ ಅವಳು ಮನೆ ಸೇರುವ ಹೊತ್ತಿಗೆ, ದಿಂಡಿಯ ಜೊತೆ ತಾನೂ ಪಂಢರಪುರಕ್ಕೆ ಒಯ್ಯುವ ಚೀಲಕ್ಕಾಗಿ ರಾಮಲಿಂಗ ಬಾಗಿಲಿಗೆ ಬಂದ. ಹತ್ತು ದಿನದ ಮೇಲೆ ಅವನೇ ಮೊದಲು ಮಾತಾಡಿದ. ಹೊಟ್ಟೆ ತುಂಬಿದ ಸಮಾಧಾನ ದನಿಯಲ್ಲಿತ್ತು.

"ನಿಂಗವ್ವಾರ ಝುಣಕಾ ಉಂಡ ಬಂದೆ. ನೀನೂ ಇಷ್ಟ ವರ್ಷ ಮಾಡೀದಿ, ಒಂದ ದಿನಾ ಹಿಂಗ ಆಗಲಿಲ್ಲ. ನಾ ತಿರಗಿ ಬರೂದ್ರಾಗ ಹೋಗಿ ಕಲತಕೋ. ಕೈ ಶುದ್ಧ ಇದ್ದರ ರುಚಿ ತಾನs ಬರತೈತಿ."

ಸಾತವ್ವ ಚೀಲ ಎತ್ತಿ ಮುಂದೆ ಹಿಡಿದಳು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಅವಳ ಕೈ ಅರಿಶಿನಕ್ಕೆ ಹಳದಿಯಾಗಿತ್ತು, ಉಗುರ ಸಂದಿಯಲ್ಲಿ ಕಡಲೆಹಿಟ್ಟು ಒಣಗಿತ್ತು. ರಾಮಲಿಂಗ ಆ ಕೈ ತಗುಲದಂತೆ ಚೀಲದ ಹಿಡಿಕೆಯನ್ನಷ್ಟೇ ಎರಡು ಬೆರಳಿನಲ್ಲಿ ಹಿಡಿದು ತೆಗೆದುಕೊಂಡ.