ಆರನೇ ದಿನದ ಗಡ್ಡ

ಕಾರ್ಕಳದ ವಿಲ್ಮಾ ಯಾರಿಗೂ ಕೆಟ್ಟದು ಬಯಸಿದವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಆದರೆ ಒಬ್ಬ ಹುಡುಗನಿಗೆ ಒಳ್ಳೆಯದು ಮಾಡಲು ಹೋಗಿ, ಜನ್ಮದಲ್ಲಿ ಒಮ್ಮೆ ಮಾತ್ರ ಸಿಗುವುದೊಂದನ್ನು ಅವನ ಕೈಯಿಂದ ತಪ್ಪಿಸಿಬಿಟ್ಟಳು. ಈಗ ಅವನು ಎದುರಿಗೆ ಬಂದು ನಗಾಡಿದರೂ ಅವಳಿಗೆ ಊಟ ಸೇರುವುದಿಲ್ಲ.

ಮಣಿಪಾಲದಲ್ಲಿ ಒಂದು ಕಂಪನಿ ಉಂಟು, ಅಮೆರಿಕದ ಆಸ್ಪತ್ರೆಗಳ ಬಿಲ್ಲನ್ನು ಇಲ್ಲಿ ಕೂತು ಕಂಪ್ಯೂಟರಿಗೆ ಹಾಕುವುದು. ಅಲ್ಲಿಯವರಿಗೆ ಜ್ವರ ಬಂದರೆ ಇಲ್ಲಿಯವರಿಗೆ ಕೆಲಸ, ಹಾಗೆ. ವಿಲ್ಮಾ ಅಲ್ಲಿ ಎಚ್‌ಆರ್. ಎಚ್‌ಆರ್ ಅಂದರೆ ಭಾರಿ ದೊಡ್ಡದು ಅಂತ ತಿಳಿಯಬೇಡ ಮಗಾ. ಇಂಟರ್‌ವ್ಯೂಗೆ ಬಂದ ಮಕ್ಕಳನ್ನು ಒಳಗೆ ಸಾಹೇಬರ ಹತ್ತಿರ ಕಳುಹಿಸುವ ಮೊದಲು ತಲೆಯಿಂದ ಕಾಲಿನವರೆಗೆ ನೋಡುವುದು. ಕಾಲರು, ಉಗುರು, ಶೂ, ಗಡ್ಡ, ಬೆವರಿನ ವಾಸನೆ. ಒಟ್ಟು ಹತ್ತು ಮಾರ್ಕು. ಆರಕ್ಕಿಂತ ಕೆಳಗೆ ಬಂದವರ ಕಾಗದಪತ್ರವನ್ನು ಸಾಹೇಬರು ಬಿಚ್ಚಿಯೂ ನೋಡುವುದಿಲ್ಲ.

ಅವಳೇನು ಹುಟ್ಟುವಾಗಲೇ ಇಸ್ತ್ರಿ ಹಾಕಿಕೊಂಡು ಬಂದವಳಾ? ಮೊದಲ ದಿನ ಕಾರ್ಕಳದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು, ತಲೆಗೆ ಅಮ್ಮ ತಟ್ಟಿದ ತೆಂಗಿನೆಣ್ಣೆ ಹಣೆಗೆ ಇಳಿದಿತ್ತು. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಎಲ್ಲರ ಎದುರು, "ಈ ಎಣ್ಣೆತಲೆ ಇಲ್ಲಿ ಆಗುವುದಿಲ್ಲ" ಅಂದರು. ಇವಳು ಬಾತ್‌ರೂಮಿಗೆ ಹೋಗಿ ಕೈ ತೊಳೆಯುವ ಸೋಪಿನಲ್ಲೇ ತಲೆ ತೊಳೆದು, ಕರ್ಚೀಫಿನಲ್ಲಿ ಒರೆಸಿ, ದಿನವಿಡೀ ಎಸಿಯಲ್ಲಿ ನಡುಗುತ್ತಾ ಕೂತಳು. ಬೇರೆ ಮಕ್ಕಳಿಗೆ ಹಾಗೆ ಆಗಬಾರದು ಅಂತ ಮತ್ತೆ ಮೇಜಿನ ಡ್ರಾಯರಿನಲ್ಲಿ ಒಂದೊಂದೇ ಸೇರಿಸಿ ಇಟ್ಟಳು. ಸೂಜಿ, ಕಪ್ಪು ನೂಲು, ಪಿನ್ನು, ಪಾಲಿಶು, ಎರಡು ಟೈ, ಒಂದು ಕಟ್ಟು ರೇಜರು. ಕೆಮ್ಮಣ್ಣಿನ ಉಮೈರಾ ಅಂತ ಒಬ್ಬಳು, ಬಸ್ಸಿನ ನೂಕಾಟದಲ್ಲಿ ಶಾಲಿನ ಪಿನ್ನು ಬೀಳಿಸಿಕೊಂಡು ಅಳುತ್ತಾ ಬಂದವಳು. ವಿಲ್ಮಾ ಎದುರು ಕೂರಿಸಿ ಪಿನ್ನು ಹಾಕಿ ಕಳುಹಿಸಿದ್ದು. ಈಗ ಆ ಉಮೈರಾಳ ಕೈಕೆಳಗೆ ಹನ್ನೆರಡು ಜನ.

ಗಂಡ ಲಿಗೋರಿ ತಮಾಷೆ ಮಾಡುವುದುಂಟು. "ಊರಿನ ಮಕ್ಕಳಿಗೆಲ್ಲ ಟೈ, ನನ್ನ ಬನಿಯನಿಗೆ ಮಾತ್ರ ನಾಲ್ಕು ತೂತು."

"ನಿಮಗೆ ಇಂಟರ್‌ವ್ಯೂ ಉಂಟಾ?" ಅನ್ನುವುದು ಇವಳು.

ಹಾಗಿರುವಾಗ ಕಾಪುವಿನ ಯೋಗೀಶ ಬಂದ. ಬಿಕಾಂ ಆದ ಹುಡುಗ. ಬಿಳಿ ಶರ್ಟು, ನೀಟಾದ ಇಸ್ತ್ರಿ, ಉಗುರು ಶುದ್ಧ. ಶೂ ಮಾತ್ರ ಯಾರದೋ, ನಡೆದರೆ ಹಿಂದಿನಿಂದ ಟಪ್ ಟಪ್ ಅನ್ನುತ್ತಿತ್ತು. ಇರಲಿ ಪಾಪ ಅಂತ ಅದಕ್ಕೆ ಮಾರ್ಕು ಕಳೆಯಲಿಲ್ಲ ಅವಳು. ಮುಖ ನೋಡಿದರೆ ಐದಾರು ದಿನದ ಗಡ್ಡ, ಕೆಂಪು ಕಣ್ಣು. ಇಂಟರ್‌ವ್ಯೂಗೆ ಹೆದರಿ ನಿದ್ದೆ ಬಿಟ್ಟಿದ್ದಾನೆ ಅಂದುಕೊಂಡಳು.

ಆ ಮೇಜಿನಲ್ಲಿ ಇಂಗ್ಲಿಷೇ ಆಗಬೇಕು ಅಂತ ರೂಲು. ಕೇಳುವವಳಿಗೂ ತುಳು ಬರುತ್ತದೆ, ಹೇಳುವವನಿಗೂ ತುಳು ಬರುತ್ತದೆ, ಆದರೂ ಇಂಗ್ಲಿಷು. ಗಡ್ಡ ಯಾಕೆ ಅಂತ ಕೇಳಿದಳು. ಅವನು "ಮ್ಯಾಮ್, ಮೈ ಮದರ್..." ಅಂತ ಸುರುಮಾಡಿದ, ಮುಂದೆ ಮಾತು ಸಿಗದೆ ನಿಂತ.

"ನೋ ಸ್ಟೋರಿ," ಅಂದಳು ವಿಲ್ಮಾ. ಸಿಟ್ಟಿನಲ್ಲಿ ಅಲ್ಲ, ನಗುತ್ತಲೇ ಅಂದದ್ದು. ಅಮ್ಮನಿಗೆ ಹುಷಾರಿಲ್ಲ, ಬಸ್ಸು ಸಿಗಲಿಲ್ಲ ಅಂತ ದಿನಕ್ಕೆ ಹತ್ತು ಕಥೆ ಕೇಳುವವಳು ಅವಳು. ಡ್ರಾಯರಿನಿಂದ ರೇಜರು ತೆಗೆದು ಅವನ ಅಂಗೈಯಲ್ಲಿಟ್ಟು, ಹತ್ತು ನಿಮಿಷ ಉಂಟು, ಹೋಗಿ ತೆಗೆದು ಬಾ, ನಿನ್ನ ಒಳ್ಳೆಯದಕ್ಕೇ ಹೇಳುವುದು ಅಂತ ಕಳುಹಿಸಿದಳು.

ಅವನು ಬಹಳ ಹೊತ್ತು ಬರಲಿಲ್ಲ. ಇವಳೇ ಹೋಗಿ ಬಾತ್‌ರೂಮಿನ ಬಾಗಿಲು ತಟ್ಟಿದಳು. ಬಂದ, ನುಣ್ಣಗಿನ ಮುಖ, ಗಲ್ಲದಲ್ಲಿ ಚೂರು ರಕ್ತ. ಅವಳೇ ಕಾಗದ ಒತ್ತಿ, ಕಾಲರು ಸರಿಮಾಡಿ, ಒಂಬತ್ತು ಮಾರ್ಕು ಹಾಕಿ ಒಳಗೆ ಬಿಟ್ಟಳು. ಕೆಲಸ ಸಿಕ್ಕಿತು. ಆ ಸಂಜೆ ಲಿಗೋರಿ ಹತ್ತಿರ ಹೇಳಿದಳಂತೆ, "ಇವತ್ತು ಒಬ್ಬನನ್ನು ಮನುಷ್ಯ ಮಾಡಿ ಕಳುಹಿಸಿದೆ."

ಆಮೇಲೆ ನಾಲ್ಕು ವರ್ಷ. ಯೋಗೀಶ ಒಂದು ದಿನವೂ ಗಡ್ಡ ಬಿಟ್ಟು ಬಂದವನಲ್ಲ. ಹೊಸ ಮಕ್ಕಳಿಗೆ ವಿಲ್ಮಾ ಅವನನ್ನೇ ತೋರಿಸುವುದು. "ನೋಡಿ, ಬರುವಾಗ ಹೇಗಿದ್ದ, ಈಗ ಹೇಗಿದ್ದಾನೆ." ಅವನು ತಲೆ ತಗ್ಗಿಸಿ ನಗುವುದು. ನಾಚಿಕೆ ಅಂತ ಇವಳು ತಿಳಿದದ್ದು.

ಹೋದ ವರ್ಷ ಕಾಪುವಿನಲ್ಲಿ ಅವನ ಹೊಸ ಮನೆಯ ಒಕ್ಕಲು. ವಿಲ್ಮಾ ಲಿಗೋರಿಯನ್ನು ಹೊರಡಿಸಿಕೊಂಡು ಹೋದಳು. ತೂತಿಲ್ಲದ ಬನಿಯನು ಹಾಕಿಸಿಯೇ. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದವಳು ಯೋಗೀಶನ ಅಕ್ಕ ಕುಶಲಾ. ಇವಳು ತಮ್ಮನ ಆಫೀಸಿನ ಮೇಡಂ ಅಂತ ತಿಳಿದು ಸೌಟು ಹಿಡಿದೇ ನಿಂತಳು.

"ಅವನಿಗೆ ರೇಜರು ಕೊಟ್ಟ ಬಾಯಮ್ಮ ನೀವೇ ಅಲ್ವಾ?"

"ಎಂತ ರೇಜರು?"

"ಅಯ್ಯೋ, ಅವನು ಹೇಳಲೇ ಇಲ್ವಾ ನಿಮಗೆ? ನಮ್ಮ ಅಮ್ಮ ತೀರಿಹೋಗಿ ಅವತ್ತು ಆರನೇ ದಿನ."

ಕುಶಲಾ ಸಿಟ್ಟಿನಲ್ಲಿ ಹೇಳಿದ್ದಲ್ಲ. ಹಳೆಯ ಸಂಗತಿ ಹೇಳುವ ಹಾಗೆ ಹೇಳಿದಳು. ಚಿತೆಗೆ ಬೆಂಕಿ ಕೊಟ್ಟವನು ಯೋಗೀಶನೇ, ದೊಡ್ಡ ಮಗ. ಅವರ ಮನೆಯ ಕ್ರಮದಲ್ಲಿ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನವೇ, ಅವನಿಗೆ ಕ್ಷೌರ. ಅಲ್ಲಿಯವರೆಗೆ ಮುಖಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಅವನು ಮನೆಗೆ ಬರುವಾಗ ಜಗಲಿ ತುಂಬ ನೆಂಟರು. ಸೋದರಮಾವ ಕರುಣಾಕರ ಮುಖ ಎತ್ತಿ ನೋಡಿದರು.

"ಇದು ಎಂತ ಮುಖ ಮಾರಾಯ?"

"ಕೆಲಸ ಸಿಕ್ಕಿತು ಮಾವ."

"ಅಮ್ಮನ ಬೂದಿ ಆರುವ ಮೊದಲು ನಿನಗೆ ಚಂದ ಆಗಬೇಕಾಯಿತಾ?"

ಬೊಜ್ಜಕ್ಕೆ ಅವನನ್ನು ಕೂರಿಸಲಿಲ್ಲ. ತಮ್ಮ ರಿತೇಶ ಕೂತ, ತೀರಿಹೋದ ಅಮ್ಮನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದ್ದು ಅವನೇ. ಯೋಗೀಶ ಹೊರಗೆ ಪೆಂಡಾಲಿನಲ್ಲಿ ಕುರ್ಚಿ ಸಾಲು ಮಾಡುತ್ತಿದ್ದ.

"ಈಗ ಮಾವನೇ ಹೇಳುತ್ತಾರೆ, ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು ಅಂತ," ಅಂದಳು ಕುಶಲಾ. "ಈ ಮನೆ ಎದ್ದದ್ದು ಅದರಿಂದಲೇ ಅಲ್ವಾ. ಪಾಯಸ ಹಾಕಿಸಿಕೊಳ್ಳಿ ಬಾಯಮ್ಮ."

ವಿಲ್ಮಾ ಎಲೆ ಮಡಚಿ ಎದ್ದಳು.

ಗೊತ್ತಿಲ್ಲದವಳಾಗಿದ್ದರೆ ಬೇರೆ ಮಾತು. ಕಾರ್ಕಳದಲ್ಲಿ ಅವಳ ಮನೆಯ ಎಡಕ್ಕೂ ಬಲಕ್ಕೂ ತುಳುವರ ಮನೆ, ಬೊಜ್ಜದ ಊಟ ಉಂಡೇ ಬೆಳೆದವಳು. ಅವಳ ಅಪ್ಪ ತೀರಿಕೊಂಡಾಗ ಅಮ್ಮ ವರ್ಷವಿಡೀ ಕಪ್ಪು ಉಟ್ಟದ್ದನ್ನು ನೋಡಿದವಳು. ಊರಿನ ದಾರಿಯಲ್ಲಿ ಅದೇ ಗಡ್ಡ, ಅದೇ ಕೆಂಪು ಕಣ್ಣು ಎದುರಾಗಿದ್ದರೆ, "ಎಂತ ಆಯಿತು ಮಗಾ, ಮನೆಯಲ್ಲಿ ಯಾರು?" ಅಂತ ತಾನಾಗಿ ಕೇಳುತ್ತಿದ್ದಳು. ಆ ಮೇಜಿನ ಹಿಂದೆ ಕೂತಾಗ ಮಾತ್ರ ಅವಳಿಗೆ ಕಂಡದ್ದು ಎರಡು ಮಾರ್ಕಿನ ಗಡ್ಡ.

ಸೋಮವಾರ ಅವನನ್ನು ಕ್ಯಾಂಟೀನಿಗೆ ಕರೆದಳು. ಆಫೀಸಿನಲ್ಲಿ ಮೊದಲ ಸಲ ತುಳುವಿನಲ್ಲಿ ಮಾತಾಡಿಸಿದಳು.

"ಯಾಕೆ ಹೇಳಲಿಲ್ಲ ನೀನು?"

"ಹೇಳಲು ಹೊರಟಿದ್ದೆ ಮೇಡಂ."

ವಿಲ್ಮಾ ಚಾದ ಗ್ಲಾಸನ್ನು ಅವನ ಕಡೆ ಸರಿಸಿದಳು.

"ಆಮೇಲಾದರೂ ನನಗೆ ಎರಡು ಮಾತು ಬೈಯಬಹುದಿತ್ತಲ್ವಾ?"

"ಕೆಲಸ ಕೊಡಿಸಿದವರನ್ನು ಬೈಯುವುದಾ? ಮತ್ತೆ, ರೇಜರು ನಿಮ್ಮದಾದರೂ ಕೈ ನನ್ನದು. ಕನ್ನಡಿ ಎದುರು ಸುಮಾರು ಹೊತ್ತು ನಿಂತಿದ್ದೆ. ಬೇಡ ಅಂತ ವಾಪಸು ಕೊಡಲು ಹೊರಡುವಾಗ ನೀವು ಬಾಗಿಲು ತಟ್ಟಿದಿರಿ."

ಅದನ್ನು ಅವನು ಚುಚ್ಚಲಿಕ್ಕೆ ಹೇಳಿದ್ದಲ್ಲ, ನೋಡು. ಅದಕ್ಕೇ ಅವಳಿಗೆ ಹೆಚ್ಚು ತಾಗಿದ್ದು.

"ಈಗ ಎಂತಾದರೂ ಮಾಡಲಿಕ್ಕೆ ಉಂಟಾ ಯೋಗೀಶ?"

"ವರ್ಷ ವರ್ಷದ ತಿಥಿ ನಾನೇ ಮಾಡುತ್ತೇನೆ ಮೇಡಂ. ಬೊಜ್ಜ ಒಂದೇ ಸಲ." ಅಷ್ಟು ಹೇಳಿ ಎರಡು ಗ್ಲಾಸನ್ನೂ ಅವನೇ ತೊಳೆಯಲು ತೆಗೆದುಕೊಂಡು ಹೋದ.

ಮೊನ್ನೆ ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದಿದ್ದ, ವಾರದ ಗಡ್ಡ. ಯೋಗೀಶ ಯಾವುದೋ ಫೈಲಿಗೆ ಅಲ್ಲೇ ನಿಂತಿದ್ದ. ವಿಲ್ಮಾ ಕುರ್ಚಿ ಎಳೆದು ಹುಡುಗನನ್ನು ಕೂರಿಸಿ, ನೀರು ಕೊಟ್ಟು, ತುಳುವಿನಲ್ಲಿ ಮೆಲ್ಲ ಕೇಳಿದಳು, ಮನೆಯಲ್ಲಿ ಎಲ್ಲರೂ ಸೌಖ್ಯವಾ ಅಂತ.

"ಸೌಖ್ಯ ಮೇಡಂ," ಅಂದ ಹುಡುಗ ಗಾಬರಿಯಲ್ಲಿ. "ಇದು ಸ್ಟೈಲು."

ಯೋಗೀಶ ಬಾಯಿ ಮುಚ್ಚಿಕೊಂಡು ನಕ್ಕ. ವಿಲ್ಮಾಳೂ ನಗಲು ನೋಡಿದಳು, ಆಗಲಿಲ್ಲ. ಗಡ್ಡದ ಮಾರ್ಕು ಪೂರ್ತಿ ಹಾಕಿ ಹುಡುಗನನ್ನು ಒಳಗೆ ಕಳುಹಿಸಿದಳು. ಸಾಹೇಬರು ಕರೆಸಿ, ಇಷ್ಟು ವರ್ಷ ಎಂತ ನೋಡಿ ಮಾರ್ಕು ಹಾಕುತ್ತಿದ್ದದ್ದು ನೀವು ಅಂತ ಬಾಯಿಗೆ ಬಂದ ಹಾಗೆ ಬೈದರು. ಯೋಗೀಶ ಬೈಯದೆ ಬಿಟ್ಟದ್ದನ್ನೂ ಸೇರಿಸಿ, ಅವಳು ಅಷ್ಟನ್ನೂ ನಿಂತು ಬೈಸಿಕೊಂಡಳು.